ಹಳದಿ ಹೂವು, ಮಾವನ ಹೆಬ್ಬೆರಳು

ನಮ್ಮ ಮಾವನ ವಿಷಯ ಹೇಳಬೇಕು, ಕೇಳಿ. ಟೈಪ್ ಮಾಡುವಷ್ಟು ತಾಳ್ಮೆ ನನಗಿಲ್ಲ, ಅದಕ್ಕೇ ಬಾಯಲ್ಲೇ ಹೇಳುತ್ತಿದ್ದೇನೆ. ನಡುವೆ ಅತ್ತೆಯ ಕುಕ್ಕರ್ ಕೂಗಿದರೆ ಸಹಿಸಿಕೊಳ್ಳಿ.

ಮಾವ ಎಂದರೆ ಅಮ್ಮನ ತಮ್ಮ. ಕಟಿಂಗ್ ಶಾಪ್ ಇಟ್ಟಿದ್ದಾನೆ. ಎರಡು ಕುರ್ಚಿ, ಒಂದರ ಸ್ಪ್ರಿಂಗ್ ಹೋಗಿದೆ; ಅದರಲ್ಲಿ ಕೂರುವವರು ಗಿರಾಕಿಗಳಲ್ಲ, ಬಿಟ್ಟಿ ಪೇಪರ್ ಓದುವವರು. ಮನೆ ಅಂಗಡಿಯ ಹಿಂದೆಯೇ. ಕಾಲೇಜಿಗೆ ಹತ್ತಿರವೆಂದು ನಾನೂ ಅಲ್ಲೇ ಇದ್ದೇನೆ.

ಅವನ ವಿದ್ಯೆಯೆಲ್ಲ ಎಡಗೈ ಹೆಬ್ಬೆರಳಲ್ಲಿತ್ತು. ಶೇವ್ ಮಾಡುವಾಗ ಮೊದಲು ಆ ಹೆಬ್ಬೆರಳು ಚರ್ಮವನ್ನು ಬಿಗಿ ಹಿಡಿದು, ಗಡ್ಡ ಯಾವ ದಿಕ್ಕಿಗೆ ಮಲಗಿದೆ, ಎಲ್ಲಿ ಗುಳ್ಳೆ ಎದ್ದಿದೆ ಎಂದು ವಿಚಾರಿಸಿಕೊಂಡು ಮುಂದೆ ಹೋಗುತ್ತಿತ್ತು. ರೇಜರ್ ಅದರ ಹಿಂದೆ. ಕಣ್ಣು ಮಾತ್ರ ಬೀದಿಯ ಮೇಲೆ.

ಗಿಡಗಳಿಗೂ ಅದೇ ಹೆಬ್ಬೆರಳು. ಅಂಗಡಿಯ ಮೆಟ್ಟಿಲಿಗೂ ಚರಂಡಿಗೂ ನಡುವೆ ಚಾಪೆಯಗಲದ ಮಣ್ಣಿದೆ. ಅಲ್ಲಿ ಹಳದಿ ಹೂವಿನ ಗಿಡಗಳು. ಹೆಸರು ಯಾರಿಗೂ ಗೊತ್ತಿಲ್ಲ, ಹಳದಿ ಹೂವು ಎಂದರೆ ಬೀದಿಗೆಲ್ಲ ಅರ್ಥವಾಗುತ್ತದೆ. ಪ್ರತಿ ವರ್ಷ ಹಳೆಯ ಬೇರಿನಿಂದಲೇ ಚಿಗುರುತ್ತವೆ. ಒಂದು ಸಲ ಮೈತುಂಬ ಹೂ ಬಿಟ್ಟು ಸುಮ್ಮನಾಗುವ ಜಾತಿ. ಆದರೆ ಮಾವ ಸುಮ್ಮನಿರಲು ಬಿಡುತ್ತಿರಲಿಲ್ಲ. ಬಾಡಿದ ಹೂಗಳನ್ನು ಕತ್ತರಿಸಿ, ಗೊಬ್ಬರ ಹಾಕಿ, ಮತ್ತೆ ಮತ್ತೆ ಅರಳಿಸುತ್ತಿದ್ದ.

"ಬೀಜ ಕಟ್ಟೋಕೆ ಬಿಟ್ರೆ ಮುಗೀತು ಕಣೇ. ಸಂಸಾರ ಆಯ್ತು, ಇನ್ನೇನು ಅಂತ ಕಾಲು ಚಾಚಿ ಮಲಗಿಬಿಡುತ್ತೆ ಗಿಡ."

"ನೀವು ಮಲಗೋ ಹಾಗೆ," ಎಂದು ಅತ್ತೆ ಒಳಗಿನಿಂದಲೇ ಕೂಗುತ್ತಿದ್ದಳು.

ಕತ್ತರಿಸುವುದು ಸುಲಭವಲ್ಲ. ದಳ ಉದುರಿದ ಹೂವಿನ ತಲೆ, ಇನ್ನೂ ಅರಳದ ಮೊಗ್ಗು, ಎರಡೂ ಹಸಿರು ಗುಂಡಿಗಳೇ, ದೂರಕ್ಕೆ ಅವಳಿ ಜವಳಿ. ಒತ್ತಿದರೆ ಮಾತ್ರ ತಿಳಿಯುತ್ತದೆ. ಮೊಗ್ಗು ದುಂಡಗೆ, ಗಟ್ಟಿ. ಬಾಡಿದ್ದು ಚೂಪು, ಮೆತ್ತಗೆ. ಮಾವ ನೋಡದೆಯೇ ಹೆಬ್ಬೆರಳಲ್ಲಿ ಒತ್ತುತ್ತಾ ಹಳೆಯ ಕತ್ತರಿಯಿಂದ ಕಚಕ್ ಕಚಕ್ ಎನ್ನಿಸುತ್ತಾ ಹೋಗುತ್ತಿದ್ದ.

ಈ ವರ್ಷ ಮೊದಲ ಸುತ್ತಿನ ಹೂ ಬಂತು. ಮಾವ ಕತ್ತರಿಸಿದ. ಎರಡನೆಯದು ಬರಲೇ ಇಲ್ಲ.

ಮೊದಲು ಬೈಸಿಕೊಂಡದ್ದು ಪಕ್ಕದ ಟೈಲರ್. "ನಿನ್ನ ಬಣ್ಣದ ನೀರು ಚೆಲ್ಲಿ ನನ್ನ ಗಿಡ ಹಾಳು ಮಾಡ್ದೆ!" ಟೈಲರ್, "ನಾನು ಹೊಲಿಯೋನು ಮಾರಾಯ, ಬಣ್ಣ ಹಾಕೋನಲ್ಲ," ಎಂದ. ಆಮೇಲೆ ಗೊಬ್ಬರದವನು ಬೈಸಿಕೊಂಡ. ಕೊನೆಗೆ ಗಿಡಗಳೇ. "ಸೋಮಾರಿಗಳು! ಕುಡಿಯೋದು ಗೊತ್ತು, ಅರಳೋದು ಗೊತ್ತಿಲ್ಲ." ದಿನವೂ ಬೈಯುವುದು, ದಿನವೂ ಕತ್ತರಿಸುವುದು. ಗಿಡದ ಮೇಲೆ ಉಳಿದ ತಲೆಗಳು ಒಣಗಿ ಕಪ್ಪಾಗಿ, ಮೊಳೆ ಹೊಡೆದಂತೆ ನೆಟ್ಟಗೆ ನಿಂತಿದ್ದವು. ಸಂಜೆ ಅಂಗಡಿಯ ದೀಪ ಬಿದ್ದರೆ ಅತ್ತ ನೋಡಲು ಮನಸ್ಸಾಗುತ್ತಿರಲಿಲ್ಲ.

ಒಂದು ಭಾನುವಾರ ಅಲ್ಲಿ ಕಸ ಗುಡಿಸುವ ಪಾಳಿ ನನ್ನದಾಯಿತು. ಮೊರಕ್ಕೆ ಬಿದ್ದ ಹಸಿರು ಗುಂಡಿಗಳಲ್ಲಿ ಒಂದನ್ನು ಸುಮ್ಮನೆ ಉಗುರಿನಿಂದ ಸೀಳಿದೆ. ಒಳಗೆ ಮಡಿಸಿಟ್ಟ ಹಳದಿ ದಳ. ಇನ್ನೊಂದು ಸೀಳಿದೆ. ಹಳದಿ. ಮತ್ತೊಂದು. ಹಳದಿ. ಮೊರದ ತುಂಬ ಮೊಗ್ಗುಗಳು! ಬಾಡಿದ ತಲೆಗಳನ್ನು ಗಿಡದಲ್ಲೇ ಬಿಟ್ಟು, ಅರಳಬೇಕಾದದ್ದನ್ನೆಲ್ಲ ಮಾವ ಕತ್ತರಿಸಿ ಹಾಕಿದ್ದ.

ನನಗೆ ನಗು ಬಂತು. ಓಡಿಹೋಗಿ ಅತ್ತೆಗೆ ತೋರಿಸಿದೆ. ಅತ್ತೆ ನಗಲಿಲ್ಲ. ಒಲೆ ಆರಿಸಿ, ಬಾಗಿಲು ಮುಂದೆ ಮಾಡಿದಳು.

"ಅವರ ಹೆಬ್ಬೆರಳು ನೋಡಿದ್ಯಾ?"

"ಬ್ಯಾಂಡೇಜ್ ಇತ್ತಲ್ಲ ಮೊನ್ನೆ."

"ಬಿಸಿ ಪಾತ್ರೆ ಎಡಗೈಲಿ ಹಿಡ್ಕೊಂಡು ನಿಂತಿದ್ರು ಕಣೇ. ಬೊಬ್ಬೆ ಬರೋವರೆಗೂ ಗೊತ್ತೇ ಆಗ್ಲಿಲ್ಲ. ಸಕ್ಕರೆ ಕಾಯಿಲೆ, ನರ ಹೋಗಿದೆ ಅಂದ್ರು ಡಾಕ್ಟ್ರು. ಜೋಮು ಹಿಡಿದಿದೆ ಅಷ್ಟೇ ಅಂತ ಇವರು. ಯಾರಿಗೂ ಹೇಳಬಾರದಂತೆ."

"ಕತ್ತರಿ ಬಿಡು ಅತ್ತೆ. ರೇಜರ್?"

ಅತ್ತೆ ಒಗೆಯಲು ಹಾಕಿದ್ದ ಅಂಗಡಿಯ ಟವೆಲುಗಳ ರಾಶಿಯಿಂದ ಒಂದನ್ನು ಎಳೆದು ನನ್ನ ಮುಂದೆ ಬಿಡಿಸಿದಳು. ಅಂಚಿನಲ್ಲಿ ಸಣ್ಣ ಸಣ್ಣ ಕೆಂಪು ಚುಕ್ಕೆಗಳು. ಇನ್ನೊಂದರಲ್ಲಿಯೂ.

"ಗಾಯಕ್ಕೆ ಹಚ್ಚೋ ಪಟಿಕದ ಕಲ್ಲು ವರ್ಷಾನುಗಟ್ಟಲೆ ಬರ್ತಿತ್ತು," ಎಂದಳು. "ಈಗ ತಂದಿದ್ದು ತಂದ ಹಾಗೆ ಕರಗ್ತಿದೆ. ನಾನು ಹೇಳಿದ್ರೆ ಜಗಳ. ನೀನಾದ್ರೂ ಹೇಳೇ. ಯಾರದಾದ್ರೂ ಕುತ್ತಿಗೆಗೆ ಆಗೋ ಮುಂಚೆ ಹೇಳು."

ಮರುದಿನ ಅಂಗಡಿ ತೆರೆಯುತ್ತಲೇ ಹೋದೆ. ಜೇಬಿನಲ್ಲಿ ಒಂದು ಮೊಗ್ಗು, ಒಂದು ಬಾಡಿದ ತಲೆ.

"ಮಾವ, ಕಣ್ಣು ಮುಚ್ಚು. ಕೈ ಕೊಡು."

"ಚಾಕೊಲೇಟಾ?" ಎಂದು ನಗುತ್ತಾ ಕಣ್ಣು ಮುಚ್ಚಿದ. ಎರಡನ್ನೂ ಹೆಬ್ಬೆರಳಿಂದ ಒತ್ತಿ ನೋಡಿದ. ಮತ್ತೆ ಒತ್ತಿದ. "ಇದು ಬಾಡಿದ್ದು. ಇದು ಮೊಗ್ಗು. ಇಷ್ಟಕ್ಕೆ ಕಾಲೇಜಿಗೆ ಬೇರೆ ಹೋಗ್ಬೇಕಾ ನೀನು?"

ಬಾಡಿದ್ದು ಎಂದದ್ದನ್ನು ಅವನ ಅಂಗೈಯಲ್ಲೇ ಸೀಳಿದೆ. ಕಣ್ಣು ಬಿಟ್ಟು ನೋಡಿದ. ಹಳದಿ ದಳಗಳು. ನಗು ಇಳಿದುಹೋಯಿತು.

"ಯಾರು ಕಳಿಸಿದ್ದು ನಿನ್ನ? ನಿಮ್ಮತ್ತೆನಾ?"

"ಮಾವ, ಟವೆಲ್ ನೋಡ್ದೆ ನಾನು."

"ಎಷ್ಟು ವರ್ಷದಿಂದ ಮಾಡ್ತಿದ್ದೀನಿ, ನನಗೆ ಪರೀಕ್ಷೆ ಇಡ್ತೀಯಾ? ನಡಿ ಒಳಗೆ!"

ಅಷ್ಟರಲ್ಲೇ ರೇಡಿಯೋ ಬಂದರು. ರಿಟೈರಾದ ಬಸ್ ಕಂಡಕ್ಟರ್. ಬಾಯಿಗೆ ಬೀಗವಿಲ್ಲದ್ದರಿಂದ ಆ ಹೆಸರು. ಬಂದವರೇ ಕುರ್ಚಿಯಲ್ಲಿ ಒರಗಿ, ಕುತ್ತಿಗೆ ಎತ್ತಿ ಕೊಟ್ಟರು. "ನುಣ್ಣಗೆ ಮಾಡಯ್ಯಾ, ಹೆಣ್ಣು ನೋಡೋಕೆ ಹೋಗ್ತಿದ್ದೀನಿ. ನನಗಲ್ಲ, ಮೊಮ್ಮಗನಿಗೆ!"

ಮಾವ ನನ್ನತ್ತ ನೋಡದೆ ನೊರೆ ಹಚ್ಚಿದ. ರೇಜರಿಗೆ ಹೊಸ ಬ್ಲೇಡ್ ಹಾಕಿದ. ನಾನು ಒಳಗೆ ಹೋಗಲಿಲ್ಲ. ಕೂಗೋಣವೆಂದರೆ, ಬೆಚ್ಚಿಬಿದ್ದು ಕೈ ಜಾರಿದರೆ?

ಬಲಗೆನ್ನೆ ಆಯಿತು. ಗಲ್ಲ ಆಯಿತು. ಮಾವನ ಕಣ್ಣು ಈ ಸಲ ಬೀದಿಯ ಮೇಲಿರಲಿಲ್ಲ. ರೆಪ್ಪೆ ಬಡಿಯದೆ ರೇಜರನ್ನೇ ನೋಡುತ್ತಿದ್ದ. ಹಣೆಯಲ್ಲಿ ಬೆವರು. ಹೆಬ್ಬೆರಳು ಕುತ್ತಿಗೆಗೆ ಇಳಿಯಿತು, ಗಂಟಲಿನ ಮೂಳೆಯ ಪಕ್ಕ ನಿಂತಿತು. ರೇಡಿಯೋ ಒಂದೇ ಸಮನೆ ಹುಡುಗಿಯ ಅಪ್ಪನ ಅಂಗಡಿ, ಅವಳ ಓದು, ಅವಳ ಅಣ್ಣನ ಗಾಡಿ ಎಂದು ಹೇಳುತ್ತಲೇ ಇದ್ದರು. ಗಂಟಲು ಮೇಲೆ ಕೆಳಗೆ ಓಡಾಡುತ್ತಿತ್ತು.

ಮಾವನ ಕೈ ನಿಂತಿತು. ರೇಜರ್ ಚರ್ಮದ ಮೇಲೆಯೇ ಇತ್ತು.

"ಯಜಮಾನ್ರೇ," ಎಂದ, ಮೆಲ್ಲಗೆ, "ಮಾತಾಡ್ತಾನೇ ಇರಿ."

"ಏನಯ್ಯಾ ಇವತ್ತು! ದಿನಾ ಬಾಯಿ ಮುಚ್ಚಿ ಅಂತೀಯ!"

ಮಾವ ಕಣ್ಣು ಮುಚ್ಚಿದ. ರೇಜರ್ ಹಾಗೆಯೇ ಇದ್ದಾಗ ಕಣ್ಣು ಮುಚ್ಚಿದ! ಬರೀ ಹೆಬ್ಬೆರಳನ್ನು ಆ ಗಂಟಲಿಗೆ ಒತ್ತಿ ನಿಂತಿದ್ದ, ಬಾಗಿಲಿಗೆ ಕಿವಿ ಕೊಟ್ಟು ನಿಂತವನಂತೆ. ರೇಡಿಯೋ ಜೋರಾಗಿ ನಕ್ಕರು, ಕುತ್ತಿಗೆಯೆಲ್ಲ ಅಲುಗಾಡಿತು. ಮಾವನ ಮುಖದಲ್ಲಿ ಏನೂ ಬದಲಾಗಲಿಲ್ಲ. ಆ ನಗು ಅವನ ಬೆರಳಿಗೆ ತಲುಪಲೇ ಇಲ್ಲ.

ಕಣ್ಣು ಬಿಟ್ಟು, ರೇಜರನ್ನು ನಿಧಾನವಾಗಿ ದೂರ ತೆಗೆದ. ಬ್ಲೇಡ್ ಬಿಚ್ಚಿ ಪೇಪರಿನಲ್ಲಿ ಸುತ್ತಿದ. ಉಳಿದ ನೊರೆಯನ್ನು ಟವೆಲಿನಿಂದ ಒರೆಸಿದ.

ರೇಡಿಯೋ ಕನ್ನಡಿ ನೋಡಿದರು. ಒಂದು ಕೆನ್ನೆ ನುಣ್ಣಗೆ, ಇನ್ನೊಂದರಲ್ಲಿ ಬಿಳಿ ಗಡ್ಡ. "ಏನಿದು, ಅರ್ಧಕ್ಕೇ ಬಿಟ್ಟೆ? ಹಿಂಗೇ ಹೋಗಿ ಹುಡುಗಿ ನೋಡ್ಲಾ?"

"ಬೆರಳು ಸತ್ತುಹೋಗಿದೆ ಯಜಮಾನ್ರೇ. ನಿಮ್ಮ ಕುತ್ತಿಗೆ ನನಗೆ ಗೊತ್ತಾಗ್ತಿಲ್ಲ."

ರೇಡಿಯೋ ತಮ್ಮ ಗಂಟಲನ್ನು ಕೈಯಿಂದ ಮುಚ್ಚಿಕೊಂಡರು.

"ಮೂಲೆ ಅಂಗಡಿ ಹುಡುಗ ಮುಗಿಸ್ತಾನೆ, ಬನ್ನಿ, ನಾನೇ ಕರ್ಕೊಂಡು ಹೋಗ್ತೀನಿ," ಎಂದ ಮಾವ.

ಮೂವರೂ ಹೊರಟೆವು. ಮೆಟ್ಟಿಲಿಳಿಯುವಾಗ ಮಾವ ಗಿಡಗಳ ಮುಂದೆ ನಿಂತ. "ಪಾಪ, ಸುಮ್ಸುಮ್ನೆ ಬೈದೆ ಇವಕ್ಕೆ," ಎಂದ. "ಇನ್ಮೇಲೆ ನೀನು ಒತ್ತಿ ನೋಡಿ ಹೇಳು, ನಾನು ಕತ್ತರಿಸ್ತೀನಿ."

ಮೂಲೆ ಅಂಗಡಿಯ ಹುಡುಗ ಗಾಬರಿಯಿಂದ ಎದ್ದು ನಿಂತ. "ಅಣ್ಣಾ, ನೀವು? ಇಲ್ಲಿ?"

"ಎಡಗಡೆ ಉಳಿದಿದೆ. ಕುತ್ತಿಗೆ ಹತ್ರ ಗಡ್ಡ ಅಡ್ಡಡ್ಡ ಮಲಗುತ್ತೆ ಇವರಿಗೆ, ಹುಷಾರು," ಎಂದು ಹೇಳಿ, ಮಾವ ಗಿರಾಕಿಗಳ ಬೆಂಚಿನ ತುದಿಯಲ್ಲಿ ಕುಳಿತ. ಯಾರೋ ಹೊಸಬರು, ಅವನ ಹೆಗಲ ಮೇಲಿದ್ದ ಟವೆಲ್ ನೋಡಿ ಅಂಗಡಿಯವನೆಂದುಕೊಂಡು, ತಮ್ಮ ಸರದಿ ಎಷ್ಟನೆಯದು ಎಂದು ಕೇಳಿದರು.