‘ಮತ್ತು ಸಂಗಡಿಗರು’ ಎಂಬ ಹೆಸರಿನ ಹೆಂಗಸು

ಜೆ.ಪಿ. ನಗರದ ಆ ಪಾರ್ಕಿನಲ್ಲಿ ಇನ್ನೂ ಬೀದಿದೀಪ ಆರಿಲ್ಲ. ವಾಕಿಂಗಿಗೆ ಬಂದವರು ಕೈ ಬೀಸುತ್ತಾ ಸುತ್ತು ಹಾಕುತ್ತಿದ್ದಾರೆ. ನಡುವಿನ ಕಟ್ಟೆಯ ಮೇಲೆ ಜಮಖಾನ ಹಾಸಿದೆ. ಅದರ ಒಂದು ಮೂಲೆಯಲ್ಲಿ ಮೈತ್ರಿ ಒಬ್ಬರೇ ಕೂತಿದ್ದಾರೆ. ಪುಟ್ಟ ಸುತ್ತಿಗೆಯಿಂದ ತಬಲದ ಅಂಚನ್ನು ತಟ್ಟುತ್ತಾರೆ, ಕಿವಿ ಬಗ್ಗಿಸಿ ಕೇಳುತ್ತಾರೆ, ಮತ್ತೆ ತಟ್ಟುತ್ತಾರೆ. ಬೆಳಗಿನ ತಂಪಿಗೆ ಚರ್ಮ ಸಡಿಲಾಗಿದೆ, ಶ್ರುತಿ ನಿಲ್ಲುತ್ತಿಲ್ಲ. ಹಾಡುವವರು ಇನ್ನೂ ಬಂದಿಲ್ಲ. ಅವರು ಬಂದು ಕೂತ ಕ್ಷಣಕ್ಕೆ ತಬಲ ಸಿದ್ಧವಾಗಿರಬೇಕು, ಅದಕ್ಕೇ ಕತ್ತಲಲ್ಲೇ ಮನೆ ಬಿಟ್ಟು ಬಂದಿದ್ದಾರೆ.

ಬೆನ್ನ ಹಿಂದೆ ಆಳೆತ್ತರದ ಬ್ಯಾನರ್. ಗಾಯಕಿಯ ನಗುಮುಖ, ಬಡಾವಣೆ ಸಂಘದ ಅಧ್ಯಕ್ಷರು ಕೈ ಮುಗಿದ ಚಿತ್ರ, ಪಕ್ಕದಲ್ಲಿ ಕಾರ್ಯದರ್ಶಿ, ಖಜಾಂಚಿ. ಕೆಳಗೆ ತಿಂಡಿ ಕೊಡಿಸಿದ ಹೋಟೆಲಿನ ಹೆಸರು, ಮೈಕ್‌ಸೆಟ್ಟಿನವರ ಫೋನ್ ನಂಬರು. ಇಡ್ಲಿಗೆ ಹೆಸರಿದೆ, ಮೈಕಿಗೆ ಹೆಸರಿದೆ. ಒಂದೂವರೆ ಗಂಟೆ ಬೆರಳು ಬಿಡುವಿಲ್ಲದೆ ಆಡಿಸಬೇಕಾದ ಈ ಹೆಂಗಸಿಗೆ ಮಾತ್ರ ಗಾಯಕಿಯ ಹೆಸರಿನ ಬಾಲಕ್ಕೆ ಅಂಟಿಸಿದ ಎರಡು ಪದ: ‘ಮತ್ತು ಸಂಗಡಿಗರು’.

“ಅದೇ ನಾನು ಮೇಡಂ,” ಎಂದು ಮೈತ್ರಿ ಸುತ್ತಿಗೆಯ ತುದಿಯಿಂದ ಬ್ಯಾನರಿನ ಆ ಮೂಲೆಯನ್ನು ತೋರಿಸುತ್ತಾರೆ. “ಮದುವೆಗೆ ಮುಂಚಿಂದ ಅದೇ ನನ್ನ ಹೆಸ್ರು. ರೇಷನ್ ಕಾರ್ಡಲ್ಲಿ ಮಾತ್ರ ಮೈತ್ರಿ ಅಂತಿದೆ.”

ನಗುನಗುತ್ತಲೇ ಹೇಳುತ್ತಾರೆ. ಕೇಳುವವರಿಗೆ ನಗು ಬರುವುದಿಲ್ಲ.

ಪುಟ್ಟೇನಹಳ್ಳಿ ಕೆರೆಯ ಆಚೆಗಿನ ಹಳೆಯ ಊರಿನಲ್ಲಿ ಮೈತ್ರಿಯ ಮನೆ. ಅಪಾರ್ಟ್‌ಮೆಂಟುಗಳು ಏಳುವ ಮೊದಲೇ ಇದ್ದ ಬೀದಿ ಅದು. ತವರಿನಲ್ಲಿ ತಂದೆ ಕೇರಿಯ ಭಜನೆಗಳಿಗೆ ಢೋಲಕ್ ನುಡಿಸುತ್ತಿದ್ದರು. ಢೋಲಕ್ಕಿನ ಮುಚ್ಚಿಗೆ ಹರಿದಾಗಲೆಲ್ಲ ಮಡಿವಾಳದ ರಿಪೇರಿ ಅಂಗಡಿಗೆ ಅದನ್ನು ಹೊತ್ತು ನಡೆಯುವುದು ಮಗಳ ಕೆಲಸವಾಗಿತ್ತು. ಅಂಗಡಿಯ ಉಸ್ತಾದರು ಚರ್ಮ ಬಿಗಿಯುವಷ್ಟು ಹೊತ್ತು ಹುಡುಗಿ ಸುಮ್ಮನಿರದೆ ಅಲ್ಲಿದ್ದ ತಬಲಗಳ ಮೇಲೆಲ್ಲ ಬೆರಳಾಡಿಸುತ್ತಿದ್ದಳು. ಬೈಯುವ ಬದಲು ಅವರು ಕೂರಿಸಿಕೊಂಡು ಕಲಿಸಿದರು. ಹೆಣ್ಣುಮಗಳಿಗೆ ಯಾಕೆ ಬಡಿಯುವ ವಾದ್ಯ ಎಂದು ಕೇಳಿದವರಿಗೆ, ಮನೆಯಲ್ಲಿ ರೊಟ್ಟಿ ಬಡಿಯುವಾಗ ಯಾರೂ ಕೇಳುವುದಿಲ್ಲವಲ್ಲ ಎಂದು ಉಸ್ತಾದರು ಉತ್ತರಿಸಿದ್ದನ್ನು ಮೈತ್ರಿ ಇಂದಿಗೂ ಹೆಮ್ಮೆಯಿಂದ ನೆನೆಯುತ್ತಾರೆ.

ಈಗ ಅವರ ದಿನ ನಲ್ಲಿಯಿಂದ ಶುರುವಾಗುತ್ತದೆ. ಕಾವೇರಿ ನೀರು ದಿನ ಬಿಟ್ಟು ದಿನ, ಅದೂ ನಸುಕಿನಲ್ಲೇ. ಡ್ರಮ್ಮು ತುಂಬುವ ತನಕ ಅಭ್ಯಾಸ, ತುಂಬಿದ ಮೇಲೆ ಅಡುಗೆ. ಮೇಲಿನ ಮನೆಯವರು ನಿದ್ದೆ ಕೆಡುತ್ತದೆ ಎಂದು ದೂರಿದ ಮೇಲೆ ತಬಲದ ಮೇಲೆ ಟವೆಲು ಹೊದಿಸಿ ನುಡಿಸುತ್ತಾರೆ. ತಬಲ ಕೂರಿಸುವ ಸಿಂಬಿಯನ್ನು ಹಳೆಯ ಸೀರೆ ಸುತ್ತಿ ತಾವೇ ಹೊಲಿದುಕೊಂಡಿದ್ದಾರೆ. ಕಾರ್ಯಕ್ರಮವಿರುವ ದಿನ ಬಟ್ಟೆ ಒಗೆಯುವ ಹಾಗಿಲ್ಲ, ಸೋಪಿನ ಪುಡಿಗೆ ಬೆರಳತುದಿ ನೆನೆದು ಮೆತ್ತಗಾಗುತ್ತದೆ. ಆ ದಿನ ಬಟ್ಟೆ, ಪಾತ್ರೆ ಎರಡನ್ನೂ ಅತ್ತೆ ಸಪ್ಪಲಮ್ಮ ವಹಿಸಿಕೊಳ್ಳುತ್ತಾರೆ. ಬನಶಂಕರಿ ಮಾರ್ಕೆಟ್ಟಿನಲ್ಲಿ ಬಹಳ ಕಾಲ ಸೊಪ್ಪು ಮಾರಿದ ಹೆಂಗಸು; ಸೊಸೆಯ ಕೈ ಕಾಪಾಡುವುದೂ ವ್ಯಾಪಾರದ ಒಂದು ಭಾಗ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಗಂಡ ಚಲುವರಾಜು ಗೂಡ್ಸ್ ಟೆಂಪೊ ಓಡಿಸುತ್ತಾರೆ. ಬಾಡಿಗೆ ಇಲ್ಲದಾಗ ತಬಲದ ಚೀಲದ ಜತೆ ಹೆಂಡತಿಯನ್ನೂ ಬಿಟ್ಟುಬರುತ್ತಾರೆ. ಉಳಿದ ದಿನ ಬಸ್ಸು, ಮೆಟ್ರೊ. ಚೀಲದೊಳಗೆ ಸುತ್ತಿಗೆ ಕಂಡು ಸೆಕ್ಯೂರಿಟಿಯವರು ನಿಲ್ಲಿಸಿದರೆ ಅಲ್ಲೇ ತಬಲ ತೆಗೆದು ತಟ್ಟಿ ತೋರಿಸುವುದೂ ಉಂಟು. ಬೆಳಿಗ್ಗೆ ಪಾರ್ಕು, ಮಧ್ಯಾಹ್ನ ಬಿ.ಟಿ.ಎಂ. ಲೇಔಟಿನಲ್ಲಿ ಒಂದಿಬ್ಬರು ಮಕ್ಕಳಿಗೆ ಪಾಠ, ಸಂಜೆ ಬನಶಂಕರಿಯ ಯಾವುದೋ ಛತ್ರದ ರಿಸೆಪ್ಷನ್ನು. ನಡುವೆ ಫೋನಿನಲ್ಲಿ ಹತ್ತನೇ ತರಗತಿಗೆ ಹೋಗಲಿರುವ ಮಗಳ ವಿಚಾರಣೆ: ಊಟ ಆಯ್ತಾ, ಲೆಕ್ಕ ಮಾಡಿದ್ಯಾ, ಅಜ್ಜಿಗೆ ಮಾತ್ರೆ ಕೊಟ್ಯಾ.

ಇಷ್ಟೆಲ್ಲ ಓಡಾಡುವ ಹೆಂಗಸಿನ ಹೆಸರನ್ನು ಹೇಳಲು ಈ ಊರಿಗೆ ಅದೇನು ಕಷ್ಟವೋ! ಸಂಘಟಕರ ಫೋನಿನಲ್ಲಿ ಅವರ ನಂಬರು ‘ತಬಲ ಲೇಡಿ’ ಎಂದಿದೆ. ಕೊನೆಗೆ ಕೈಗಿಡುವ ಕವರಿನ ಮೇಲೆ ಪೆನ್ಸಿಲಿನಲ್ಲಿ ‘ತಬಲ’ ಎಂದಷ್ಟೇ ಗೀಚಿರುತ್ತಾರೆ. ವೇದಿಕೆಯಲ್ಲಿ ಪಕ್ಕವಾದ್ಯದವರ ಪರಿಚಯ ಮಾಡುವುದು ಮಂಗಳಕ್ಕೆ ಸ್ವಲ್ಪ ಮೊದಲು. ಅಷ್ಟರಲ್ಲಿ ಜನ ಕುರ್ಚಿ ಸರಿಸಿ ಪ್ರಸಾದದ ಸಾಲಿಗೆ ಎದ್ದಿರುತ್ತಾರೆ. ಮುಖ್ಯ ಅತಿಥಿಗೆ ಶಾಲು, ಹಣ್ಣಿನ ಬುಟ್ಟಿ, ಹತ್ತು ನಿಮಿಷದ ಪರಿಚಯ. ಆ ಹೊತ್ತಿನಲ್ಲಿ ಬೆರಳು ಆರಿ ಹೋಗದಿರಲೆಂದು ಸೆರಗಿನೊಳಗೆ ಕೈ ಉಜ್ಜಿಕೊಳ್ಳುತ್ತಾ ಕೂತವರ ಒಂದು ಹೆಸರು ಹೇಳುವಷ್ಟು ಪುರುಸೊತ್ತು ಯಾರಿಗೂ ಇಲ್ಲ. ಇದನ್ನು ಮರೆವು ಎಂದು ಕರೆಯಲು ಮನಸ್ಸು ಒಪ್ಪುವುದಿಲ್ಲ. ವರ್ಷಗಟ್ಟಲೆ ಒಂದೇ ಕಡೆ ಆಗುವ ಮರೆವು ಮರೆವಲ್ಲ.

ಇದು ಬರೀ ಮಾನದ ಮಾತಾಗಿದ್ದರೆ ಮೈತ್ರಿ ನುಂಗಿಕೊಂಡೇ ಇರುತ್ತಿದ್ದರೇನೋ. ಈ ವರ್ಷ ಅದು ಅನ್ನದ ಮಾತಾಗಿದೆ. ಜಯನಗರದ ಖಾಸಗಿ ಶಾಲೆಯೊಂದಕ್ಕೆ ಜೂನ್‌ನಿಂದ ತಬಲ ಕಲಿಸುವವರು ಬೇಕಾಗಿದ್ದಾರೆ. ತಿಂಗಳ ಸಂಬಳ, ಸಂಜೆಗೆ ಮನೆ. ಮೈತ್ರಿ ಹೋಗಿ ನುಡಿಸಿ ತೋರಿಸಿದರು, ಮಕ್ಕಳು ಸುತ್ತ ಕೂತು ಏಳಲೊಲ್ಲದೆ ಹೋದರು, ಮುಖ್ಯೋಪಾಧ್ಯಾಯಿನಿಗೂ ಮೆಚ್ಚುಗೆಯಾಯಿತು. ಆಮೇಲೆ ಆಫೀಸಿನವರು ಒಂದು ಪುರಾವೆ ಕೇಳಿದರು. ತಾವು ಕಲಾವಿದೆ ಎಂಬುದಕ್ಕೆ ಹೆಸರು ಅಚ್ಚಾಗಿರುವ ಆಹ್ವಾನ ಪತ್ರಿಕೆ ತನ್ನಿ, ಏಪ್ರಿಲ್ ಮುಗಿಯುವುದರೊಳಗೆ ಕೊಡಿ ಎಂದರು.

ಮನೆಯಲ್ಲಿ ಒಂದು ಟ್ರಂಕು ತುಂಬ ಆಹ್ವಾನ ಪತ್ರಿಕೆಗಳಿವೆ. ಅಷ್ಟನ್ನೂ ನೆಲಕ್ಕೆ ಸುರಿದು ಅತ್ತೆ, ಸೊಸೆ, ಮೊಮ್ಮಗಳು ಮೂವರೂ ಹುಡುಕಿದರು. ಎಲ್ಲದರಲ್ಲೂ ಅವರಿದ್ದಾರೆ, ಒಂದರಲ್ಲೂ ಅವರ ಹೆಸರಿಲ್ಲ. ಒಂದೇ ಒಂದು ಕಡೆ ತಬಲದ ಮುಂದೆ ಹೆಸರು ಸಿಕ್ಕಿತು: ‘ಶ್ರೀ ಮೈತ್ರೇಯ’. ಸಂಘಟಕರು ಮೈತ್ರಿ ಎಂದೇ ಬರೆದುಕೊಟ್ಟಿದ್ದರು. ತಬಲ ಎಂದ ಮೇಲೆ ಗಂಡಸೇ ಇರಬೇಕು, ಅದರಲ್ಲೂ ವೇದ, ಶಾಸ್ತ್ರದ ಮನೆಯ ಗಂಡಸೇ ಇರಬೇಕು ಎಂದು ಪ್ರಿಂಟಿಂಗ್ ಅಂಗಡಿಯವನು ತಾನೇ ಮುತುವರ್ಜಿ ವಹಿಸಿ ‘ತಪ್ಪು’ ತಿದ್ದಿದ್ದ.

“ಬಿಡಿ, ತಿದ್ದಿದ್ದಕ್ಕೂ ಬೇಜಾರಿಲ್ಲ,” ಎನ್ನುತ್ತಾರೆ ಮೈತ್ರಿ. “ಅವತ್ತು ಸ್ಟೇಜ್ ಹತ್ತಿದಾಗ, ಮೈತ್ರೇಯ ಅವ್ರು ಬರ್ಲಿಲ್ವಾಮ್ಮ ಅಂತ ನನ್ನನ್ನೇ ಕೇಳಿದ್ರು.”

ಉಳಿದ ದಾರಿ ಒಂದೇ. ರಾಮಪ್ರಸಾದ ಅವರನ್ನು ಕೇಳುವುದು. ಬ್ಯಾಂಕಿನಿಂದ ನಿವೃತ್ತರಾದ ಜಯನಗರದ ಗಾಯಕ. ಅವರ ದೇವರನಾಮ, ಭಾವಗೀತೆಗಳಿಗೆ ಮೈತ್ರಿಯದೇ ತಬಲ, ಒಂದು ರಾಮನವಮಿಯೂ ತಪ್ಪಿದ್ದಿಲ್ಲ. ದಕ್ಷಿಣ ಬೆಂಗಳೂರಿನ ವಾದ್ಯಗಾರರಿಗೆ ರಾಮನವಮಿಯೇ ಸುಗ್ಗಿ; ಬೀದಿಗೊಂದು ಪೆಂಡಾಲು, ತಿಂಗಳಿಡೀ ಹಾಡು. ಶಾಲೆಯ ಸಂಗತಿ ತಿಳಿಸಿ, ಈ ಸಲದ ಪತ್ರಿಕೆಯಲ್ಲಿ ತಮ್ಮದೊಂದು ಹೆಸರು ಸೇರಿಸಿ ಎಂದು ಮೈತ್ರಿ ಮೊದಲ ಬಾರಿಗೆ ಬಾಯಿಬಿಟ್ಟು ಕೇಳಿದರು. ಅವರು ನಕ್ಕರಂತೆ. ಆ ಮಾತನ್ನು ಮೈತ್ರಿ ಅವರ ದನಿಯಲ್ಲೇ ಹೇಳಿ ತೋರಿಸುತ್ತಾರೆ: “ನೀನು ನಮ್ಮನೆಯವಳ ಥರ ಅಲ್ವೇನಮ್ಮ, ನಿಂಗ್ಯಾಕೆ ಹೆಸ್ರು?”

ಮನೆಯವಳು! ಆ ಮನೆಯ ರಿಹರ್ಸಲ್ಲಿನಲ್ಲಿ ಹಾರ್ಮೋನಿಯಮ್ಮಿನವರಿಗೆ ಸ್ಟೀಲ್ ಲೋಟದಲ್ಲಿ ಕಾಫಿ ಬಂದರೆ ಮೈತ್ರಿಗೆ ಪೇಪರ್ ಕಪ್ಪಿನಲ್ಲಿ ಬರುತ್ತದೆ. ಇಷ್ಟು ವರ್ಷದಲ್ಲಿ ಹಾಲ್ ದಾಟಿ ಒಳಗೆ ಕಾಲಿಟ್ಟಿದ್ದಿಲ್ಲ. ಯಾಕೆ ಎಂದು ಅವರೂ ಹೇಳಿಲ್ಲ, ಇವರೂ ಕೇಳಿಲ್ಲ. ಪುಟ್ಟೇನಹಳ್ಳಿಯ ಯಾವ ಬೀದಿ ಎಂದು ಮೊದಲ ದಿನವೇ ಕೇಳಿಯಾಗಿತ್ತಲ್ಲ. “ಪೇಪರ್ ಕಪ್ಪಲ್ಲಿ ಕಾಫಿ ಬೇಗ ಆರೋಗುತ್ತೆ ಮೇಡಂ, ನಾನು ಅಷ್ಟೇ ಹೇಳೋದು,” ಎಂದು ಮೈತ್ರಿ ಮಾತು ಮುಗಿಸಿಬಿಡುತ್ತಾರೆ. ಅವರು ಒಳ್ಳೆಯವರು, ಮಳೆ ಬಂದರೆ ಕಾರಿನಲ್ಲಿ ಬಿಡಿಸುತ್ತಾರೆ ಎಂದೂ ಸೇರಿಸುತ್ತಾರೆ. ಒಳ್ಳೆಯವರೇ ಹೀಗೆ ಮಾಡಿದರೆ ಸಿಟ್ಟು ಯಾರ ಮೇಲೆ ತೀರಿಸಿಕೊಳ್ಳುವುದು?

ಯುಗಾದಿ ಕಳೆಯುತ್ತಲೇ ರಾಮನವಮಿಯ ಪತ್ರಿಕೆ ವಾಟ್ಸ್ಯಾಪಿನಲ್ಲಿ ಬಂತು. ಅದರಲ್ಲಿ ಈ ಸಲ ‘ಸಂಗಡಿಗರು’ ಇರಲಿಲ್ಲ. ತಬಲದವರ ಹೆಸರು ಅಚ್ಚುಕಟ್ಟಾಗಿ ಅಚ್ಚಾಗಿತ್ತು: ಚಿ. ನಚಿಕೇತ. ಬಸವನಗುಡಿಯ ಹುಡುಗ, ಕಾಲೇಜು ಓದುತ್ತಿದ್ದಾನೆ, ವೇದಿಕೆ ಹತ್ತಿ ಇನ್ನೂ ವರ್ಷವಾಗಿಲ್ಲ. ಹೊಸ ಹುಡುಗರನ್ನು ಪ್ರೋತ್ಸಾಹಿಸಬೇಕಲ್ಲ ಎಂದು ರಾಮಪ್ರಸಾದ ಫೋನಿನಲ್ಲಿ ವಿವರಿಸಿದರು. ಹೆಸರು ಹಾಕುವುದು ಪ್ರೋತ್ಸಾಹ ಎಂಬುದು ಅವರಿಗೆ ಗೊತ್ತಿತ್ತು ಎಂದಾಯಿತು. ಹುಡುಗನ ಮೇಲೆ ಮೈತ್ರಿಗೆ ಸಿಟ್ಟಿಲ್ಲ, ಕೈ ಚೆನ್ನಾಗಿದೆ ಅವನದು ಎನ್ನುತ್ತಾರೆ. ಆ ರಾತ್ರಿ ಮಾತ್ರ ಮುದ್ದೆ ತಿರುವಿದ ಕೋಲನ್ನು ಹಿಡಿದುಕೊಂಡು ಸುಮ್ಮನೆ ನಿಂತುಬಿಟ್ಟಿದ್ದಳು ಎಂದು ಹೇಳಿದವರು ಸಪ್ಪಲಮ್ಮ.

ಸುಗ್ಗಿಯಲ್ಲಿ ಸೊಸೆ ಮನೆಯಲ್ಲಿರುವುದು ಬೀದಿಗೆಲ್ಲ ಸುದ್ದಿಯಾಯಿತು. ಪ್ರತಿ ಏಪ್ರಿಲ್‌ನಲ್ಲೂ ಇವರ ಬೀದಿಯಲ್ಲಿ ಅಂಬೇಡ್ಕರ್ ಜಯಂತಿ ನಡೆಯುತ್ತದೆ, ಪ್ರತಿ ವರ್ಷವೂ ಮೈತ್ರಿ ಅಂದು ಯಾವುದೋ ರಾಮನವಮಿ ಪೆಂಡಾಲಿನಲ್ಲಿರುತ್ತಾರೆ. ಈ ಸಲವಾದರೂ ನಮ್ಮಲ್ಲಿ ನುಡಿಸಕ್ಕ ಎಂದು ಬೀದಿಯ ಹುಡುಗರು ಮನೆ ಬಾಗಿಲಿಗೆ ಬಂದರು. ಮೈತ್ರಿ ಒಪ್ಪಿಕೊಂಡರು. ಪಾರ್ಕಿನ ಕಾರ್ಯಕ್ರಮಗಳಲ್ಲಿ ಜತೆಯಾಗುವ ಹಾರ್ಮೋನಿಯಂ ಕರಿಬಸವಯ್ಯನವರನ್ನು ಕರೆದರು. ಬೀದಿಯ ಹಿರಿಯ ತಮಟೆಗಾರ ತಿಮ್ಮರಾಯಪ್ಪನವರನ್ನೂ, ತಾಳಕ್ಕೆ ಪಕ್ಕದ ಮನೆಯ ಇಂದ್ರಾಣಿಯನ್ನೂ ಸೇರಿಸಿಕೊಂಡರು.

ರಾಮಪ್ರಸಾದರ ಫೋನು ಬಂದದ್ದು ಆಗಲೇ. ನಚಿಕೇತ ಸ್ಕೂಟರಿನಿಂದ ಬಿದ್ದು ಮಣಿಕಟ್ಟು ಉಳುಕಿಸಿಕೊಂಡಿದ್ದ. ಜಯಂತಿಯ ಸಂಜೆಯೇ ಅವರ ಈ ವರ್ಷದ ದೊಡ್ಡ ಕಛೇರಿ. ಬಂದು ಕೂತುಬಿಡು, ಶುರುವಿನಲ್ಲೇ ನಿನ್ನ ಹೆಸರು ಹೇಳುತ್ತೇನೆ, ಶಾಲೆಗೆ ಬೇಕಾದ ಪತ್ರವನ್ನೂ ನಾಳೆಯೇ ನನ್ನ ಲೆಟರ್‌ಹೆಡ್ಡಿನಲ್ಲಿ ಬರೆದುಕೊಡುತ್ತೇನೆ ಎಂದರು. ಅಂಥವರ ಒಂದು ಪತ್ರವಿದ್ದರೆ ಶಾಲೆಯವರು ಮರುಮಾತಾಡುವುದಿಲ್ಲ ಎಂದು ಮೈತ್ರಿಗೂ ಗೊತ್ತು. ಕೇರಿಯ ಜಯಂತಿಯ ಪತ್ರಿಕೆಗೆ ಆ ಆಫೀಸಿನಲ್ಲಿ ಎಷ್ಟು ಬೆಲೆ ಸಿಕ್ಕೀತೆಂದು ಯಾರಿಗೂ ಗೊತ್ತಿಲ್ಲ. ಸೊಪ್ಪು ಸೋಸುತ್ತಿದ್ದ ಸಪ್ಪಲಮ್ಮ ಕೈ ನಿಲ್ಲಿಸಿ ಸೊಸೆಯ ಮುಖ ನೋಡಿದರು.

“ಕಾರ್ಡಲ್ಲಿ ಯಾರ ಹೆಸ್ರಿದ್ಯೋ ಅವ್ರನ್ನೇ ಕರ್ಸಿ ಸಾರ್,” ಎಂದರು ಮೈತ್ರಿ. “ಸಂಗಡಿಗರು ಅವತ್ತು ಬೇರೆ ಕಡೆ ಒಪ್ಕೊಂಡಿದ್ದಾರೆ.”

ಇನ್ನು ಆ ಕಡೆಯಿಂದ ಕರೆ ಬರುವುದಿಲ್ಲ, ಅವರ ಮಾತು ಕೇಳುವ ಇನ್ನೂ ಕೆಲವು ಗಾಯಕರಿಂದಲೂ ಬರುವುದಿಲ್ಲ. ಅಂದು ಕಾರ್ಯಕ್ರಮವೇ ಇರಲಿಲ್ಲ, ಆದರೂ ಸಪ್ಪಲಮ್ಮ ಬಟ್ಟೆಯ ಬಕೆಟ್ಟನ್ನು ಸೊಸೆಯ ಕೈಯಿಂದ ತೆಗೆದುಕೊಂಡು ಹಿತ್ತಿಲಿಗೆ ನಡೆದರು.

ಮರುದಿನ ಮೈತ್ರಿ ಬೀದಿಯ ಹುಡುಗರ ಜತೆ ಪುಟ್ಟೇನಹಳ್ಳಿ ಮುಖ್ಯರಸ್ತೆಯ ಪ್ರಿಂಟಿಂಗ್ ಅಂಗಡಿಯಲ್ಲಿದ್ದಾರೆ. ಜಯಂತಿಯ ಪತ್ರಿಕೆ ಕಂಪ್ಯೂಟರಿನ ಮೇಲೆ ಸಿದ್ಧವಾಗಿದೆ. ಹುಡುಗರು ಪ್ರೀತಿಯಿಂದ ಅವರ ದೊಡ್ಡ ಫೋಟೋ ಹಾಕಿಸಿದ್ದಾರೆ. ಕೆಳಗೆ ದಪ್ಪ ಅಕ್ಷರದಲ್ಲಿ: ‘ತಬಲ ವಿದುಷಿ ಮೈತ್ರಿ ಮತ್ತು ಸಂಗಡಿಗರಿಂದ ವಾದ್ಯಗೋಷ್ಠಿ’. ಜೀವಮಾನದಲ್ಲಿ ಮೊದಲ ಸಲ ಅಚ್ಚಿಗೆ ಹೋಗುತ್ತಿರುವ ತಮ್ಮ ಹೆಸರನ್ನು ಮೈತ್ರಿ ಸ್ವಲ್ಪ ಹೊತ್ತು ನೋಡುತ್ತಾರೆ. ಆಮೇಲೆ ಅದರ ಮುಂದಿನ ಎರಡು ಪದಗಳ ಮೇಲೆ ಬೆರಳಿಟ್ಟು, ಇದನ್ನು ಅಳಿಸು ಎನ್ನುತ್ತಾರೆ. ಎಲ್ಲರೂ ಹೀಗೇ ಹಾಕಿಸುವುದು, ಇನ್ನಷ್ಟು ಹೆಸರಿಗೆ ಜಾಗವೂ ಇಲ್ಲ ಎಂದು ಅಂಗಡಿಯವನು ತಲೆ ಕೆರೆದುಕೊಳ್ಳುತ್ತಾನೆ.

“ನನ್ ಫೋಟೋ ತೆಗಿಯಪ್ಪ, ಜಾಗ ಆಗುತ್ತೆ,” ಎನ್ನುತ್ತಾರೆ ಮೈತ್ರಿ. “ಹಾರ್ಮೋನಿಯಂ ಕರಿಬಸವಯ್ಯ, ತಮಟೆ ತಿಮ್ಮರಾಯಪ್ಪ, ತಾಳ ಇಂದ್ರಾಣಿ ಅಂತ ಬರಿ. ಅಕ್ಷರ ನನ್ನ ಹೆಸ್ರಷ್ಟೇ ದಪ್ಪ ಇರ್ಲಿ.”