ಮನೆಯ ಠೇವಣಿ ಅಕ್ಕನ ಕಾರ್ಡು ನುಂಗಿದ್ದು

ದುಬೈಯಲ್ಲಿ ನನ್ನ ಮೊದಲ ಬೆಳಗು ಏಟಿನಿಂದ ಶುರುವಾಯಿತು. ಪಾದಕ್ಕೆ ಪಟ್ಟನೆ ಏನೋ ಬಿತ್ತು. ಕಣ್ಣು ಬಿಟ್ಟರೆ ಪಕ್ಕದ ಮಂಚದ ಹೆಂಗಸು, ಕೈಯಲ್ಲಿ ಹವಾಯಿ ಚಪ್ಪಲಿ. "ಪೈರ್ ಅಂದರ್ ರಖೋ" ಎಂದಳು. ಕಾಲು ಒಳಗಿಟ್ಟುಕೋ ಅಂತ. ನಿದ್ದೆಯಲ್ಲಿ ನನ್ನ ಕಾಲು ಮಂಚದ ಅಂಚು ದಾಟಿ, ಅವಳು ಬಾಡಿಗೆ ಕೊಡುವ ಜಾಗದ ಗಾಳಿಗೆ ಹೋಗಿತ್ತಂತೆ.

ಮುರಕ್ಕಬಾತ್ ಬಡಾವಣೆಯ ಆ ಫ್ಲ್ಯಾಟಿನ ಒಂದೇ ಕೋಣೆಯಲ್ಲಿ ನಾವು ಆರು ಹೆಂಗಸರು. ಇದಕ್ಕೆ ಇಲ್ಲಿ ಬೆಡ್‌ಸ್ಪೇಸ್ ಎನ್ನುತ್ತಾರೆ. ಮನೆಯೂ ಅಲ್ಲ, ಕೋಣೆಯೂ ಅಲ್ಲ, ಮಂಚವೊಂದೇ ಬಾಡಿಗೆಗೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನನ್ನ ಅಜ್ಜಿ ದಿನಕ್ಕೆ ಮೂರು ಸಲ ಹೇಳುತ್ತಿದ್ದಳು. ಆ ಗಾದೆಯನ್ನು ಚಪ್ಪಲಿಯಿಂದ ಕಲಿಸುವ ಊರೊಂದು ಇದೆಯೆಂದು ಅವಳಿಗೆ ಗೊತ್ತಿರಲಿಲ್ಲ.

ನಾನು ಬಂದದ್ದು ಸಮವಸ್ತ್ರ ಹೊಲಿಯುವ ಅಂಗಡಿಯ ಕೆಲಸಕ್ಕೆ. ಹೋಟೆಲಿನವರ ಕೋಟು, ಆಸ್ಪತ್ರೆಯವರ ಅಂಗಿ, ಕಾವಲಿನವರ ಪ್ಯಾಂಟು. ಊರಲ್ಲಿ ಹೊಲಿಗೆ ಎಂದರೆ ಬಂದವಳು ಕೂತು, ಬೆಲ್ಲ ನೀರು ಕುಡಿದು, ಮಗಳ ಮದುವೆಯ ಸುದ್ದಿ ಹೇಳಿ, ಕೊನೆಗೆ ರವಿಕೆಯ ಅಳತೆ ಕೊಡುವುದು. ಇಲ್ಲಿ ಅಂಗಿಗಳು ಮಾತ್ರ ಬರುತ್ತವೆ, ಅಂಗಿಯೊಳಗಿನ ಮನುಷ್ಯರು ಬರುವುದಿಲ್ಲ. ಮೇಸ್ತ್ರಿಗೆ "ಯಲ್ಲಾ, ಯಲ್ಲಾ" ಬಿಟ್ಟರೆ ಬೇರೆ ಮಾತಿಲ್ಲ. ಬೇಗ, ಬೇಗ. ಒಂಬತ್ತು ವರ್ಷವಾಯಿತು, ಇನ್ನೂ ಬೇಗವೇ.

ನನ್ನನ್ನು ಈ ಕೆಲಸಕ್ಕೆ ತಯಾರು ಮಾಡಿದವಳು ನನ್ನ ಒಡಹುಟ್ಟಿದ ವಾರಿಜಕ್ಕ. ನನಗಿಂತ ಹನ್ನೊಂದು ವರ್ಷ ದೊಡ್ಡವಳು, ಮದುವೆಯಾಗಿ ಎರಡೇ ವರ್ಷಕ್ಕೆ ಗಂಡನನ್ನು ಕಳಕೊಂಡವಳು. ಮುಲ್ಕಿಯ ಹತ್ತಿರ ಬಾಡಿಗೆಯ ಬಿಡಾರದಲ್ಲಿ ಕೂತು ಬೀಡಿ ಕಟ್ಟಿ ನನ್ನನ್ನು ಹೊಲಿಗೆ ಕ್ಲಾಸಿಗೆ ಕಳಿಸಿದಳು. ನಾನು ಮದುವೆಯಾಗಲಿಲ್ಲ. ಇಬ್ಬರಿಗೂ ಇದ್ದದ್ದು ಒಂದೇ ಆಸೆ, ಐದು ಸೆಂಟ್ಸ್ ಜಾಗದಲ್ಲಿ ನಮ್ಮದೇ ಒಂದು ಮನೆ.

ಇನ್ನು ನಾನು ಮಾಡಿದ ಮೂರ್ಖತನಕ್ಕೆ ಬರುತ್ತೇನೆ. ನಮ್ಮ ಕರಾವಳಿಯ ಗಲ್ಫಿನವರಲ್ಲಿ ಅರ್ಧಕ್ಕರ್ಧ ಜನ ಮಾಡುವ ಕೆಲಸವೇ ಅದು. ವಿದೇಶದಲ್ಲಿರುವವರು ಬೇರೆ ತರಹದ ಖಾತೆ ತೆರೆಯಬೇಕು, ಅದಕ್ಕೆ ಹತ್ತು ಕಾಗದ ಬೇಕು. ಯಾರಿಗೆ ಬೇಕು ಆ ಮಂಡೆಬೆಚ್ಚ? ಊರಿನ ಬ್ಯಾಂಕೊಂದರಲ್ಲಿ ಮನೆ ಕಟ್ಟುವವರಿಗೆಂದೇ ಇದ್ದ ಉಳಿತಾಯದ ಠೇವಣಿಯನ್ನು ಅಕ್ಕನ ಹೆಸರಲ್ಲಿ ಮಾಡಿಸಿ, ತಿಂಗಳು ತಿಂಗಳು ಅದಕ್ಕೆ ತುಂಬಿದೆ. ಒಂದು ವರ್ಷ ಬ್ಯಾಂಕು ಬಡ್ಡಿಯಲ್ಲಿ ತೆರಿಗೆ ಹಿಡಿಯಿತು. ನಾನು ಬಿಡುವವಳೇ? ಆದಾಯ ತೆರಿಗೆಯ ವಿವರ ಸಲ್ಲಿಸಿದರೆ ಹಿಡಿದದ್ದು ವಾಪಸು ಬರುತ್ತದೆ ಎಂದು ಯಾರೋ ಹೇಳಿದ್ದರು. ಅಕ್ಕನನ್ನು ಪೇಟೆಯ ಕಂಪ್ಯೂಟರ್ ಅಂಗಡಿಗೆ ಓಡಿಸಿದೆ. ಹಣ ಬಂತು. ಅಕ್ಕ ಕುಕ್ಕರ್ ಕೊಂಡಳು. ನಾನು ಕೋಣೆಯಲ್ಲಿ ಎಲ್ಲರೆದುರು ಜಂಬ ಕೊಚ್ಚಿದೆ. ಸರಕಾರದ ಬಾಯಿಂದ ಹಲ್ಲು ಕಿತ್ತು ತಂದೆ ಎಂದೆ.

ಮರುವರ್ಷ ಅಕ್ಕ ಬಾವಿಕಟ್ಟೆಯಲ್ಲಿ ಜಾರಿಬಿದ್ದಳು. ಸೊಂಟದ ಕೀಲು ಮುರಿದಿತ್ತು, ಬದಲಿಸಬೇಕೆಂದರು ಆಸ್ಪತ್ರೆಯವರು. ಬಿಪಿಎಲ್ ಕಾರ್ಡು ಇದ್ದರೆ ಸರಕಾರವೇ ಖರ್ಚು ಕೊಡುತ್ತದೆ, ಹೆದರಬೇಡಿ ಎಂದರು. ಕಾರ್ಡಿನ ನಂಬರು ಒತ್ತಿ ನೋಡಿದರೆ ಅದು ಸತ್ತಿತ್ತು. ಆದಾಯ ತೆರಿಗೆಯ ವಿವರ ಸಲ್ಲಿಸಿದವರ ಪಟ್ಟಿಯಲ್ಲಿ ಬೀಡಿ ಕಟ್ಟುವ ವಾರಿಜಳ ಹೆಸರಿತ್ತು, ಅಂಥವರಿಗೆ ಬಿಪಿಎಲ್ ಕಾರ್ಡು ರದ್ದು. ಎರಡು ತಿಂಗಳಿಂದ ರೇಷನ್ ಅಂಗಡಿಯಲ್ಲಿ ಅಕ್ಕಿ ಸಿಗದ್ದು, ವಿಧವಾ ವೇತನ ಬರದ್ದು ಎಲ್ಲಕ್ಕೂ ಅದೇ ಕಾರಣ. ಅಕ್ಕ ನನಗೆ ಹೇಳಿರಲಿಲ್ಲ, ಸರ್ವರ್ ಸರಿ ಇಲ್ಲ ಎಂದು ತಿಳಿದಿದ್ದಳು.

ಆಸ್ಪತ್ರೆಯ ಮಂಚದಿಂದಲೇ ಫೋನು ಮಾಡಿದಳು. ನಮ್ಮ ಮಾತು ತುಳುವಿನದು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಸುಮ, ನಿನ್ನ ದುಡ್ಡು ನನ್ನ ಅನ್ನ ತಿಂದಿತು."

"ನನ್ನ ದುಡ್ಡಾ? ನಮ್ಮ ಮನೆಗೆ ಅಂತ ಇಟ್ಟದ್ದಲ್ವಾ ಅಕ್ಕ?"

"ಯಾವ ಮನೆ? ಗೋಡೆ ಉಂಟಾ? ಮಾಡು ಉಂಟಾ? ಇಲ್ಲದ ಮನೆಗೋಸ್ಕರ ಇದ್ದ ಕಾರ್ಡು ಹೋಯ್ತು. ಭಾರೀ ಬುದ್ಧಿವಂತೆ ನೀನು!"

"ಠೇವಣಿ ಮುರಿದು ಆಪರೇಷನ್ ಮಾಡಿಸುವ."

"ಮುರಿದರೆ ನನ್ನ ಹೆಣ ಮುಟ್ಟಬೇಡ" ಎಂದು ಫೋನು ಇಟ್ಟಳು. ಬಯ್ದದ್ದೂ ಅವಳೇ, ಆ ಹಣ ಮುಟ್ಟಬೇಡ ಎಂದದ್ದೂ ಅವಳೇ.

ನನ್ನ ಮೇಲಿನ ಮಂಚದವರು ಶಿರ್ವದ ಲವೀನಾ ಬಾಯಿ, ದುಬೈಯ ಒಂದು ಆಸ್ಪತ್ರೆಯ ರಿಸೆಪ್ಶನ್ನಿನಲ್ಲಿ ಕೆಲಸ. ಎಲ್ಲ ಕೇಳಿಸಿಕೊಂಡು ತಲೆ ಕೆಳಗೆ ಬಗ್ಗಿಸಿದರು.

"ಹಲ್ಲು ಕಿತ್ತದ್ದು ಯಾರ ಬಾಯಿಂದ ಮಾರಾಯ್ತಿ? ಸರಕಾರದ್ದಾ, ಅಕ್ಕಂದಾ?"

"ಈಗ ತಮಾಷೆ ಬೇಡ ಲವೀನಾ ಬಾಯಿ."

"ಬೇಡದಿದ್ರೆ ಬೇಡ. ಅವಳನ್ನು ಇಲ್ಲಿಗೆ ಕರೆಸು. ನಮ್ಮ ಆಸ್ಪತ್ರೆಯಲ್ಲಿ ಡಾಕ್ಟ್ರ ಹತ್ರ ನಾನು ಮಾತಾಡ್ತೇನೆ."

ಮರುದಿನ ಟೈಪಿಂಗ್ ಸೆಂಟರಿಗೆ ಹೋದೆ. ವೀಸಾ, ಐಡಿ, ಎಲ್ಲದರ ಅರ್ಜಿಯನ್ನೂ ಅರಬಿಯಲ್ಲಿ ಬಡಿದು ಕೊಡುವ ಅಂಗಡಿ ಅದು. ಅಲ್ಲಿಯವನು ನನ್ನ ಸಂಬಳದ ಕಾಗದದ ಮೇಲೆ ಕಣ್ಣು ಹಾಯಿಸಿ, ಎರಡು ಬೆರಳಿನಿಂದ ನನ್ನ ಕಡೆಗೇ ತಳ್ಳಿದ. "ಸ್ಯಾಲರಿ ಮಾಫಿ, ವೀಸಾ ಮಾಫಿ." ಮಾಫಿ ಎಂದರೆ ಇಲ್ಲ. ಕ್ಷಮೆ ಎಂದು ತಿಳಿದು ಮೊದಮೊದಲು ನಾನು ಸಂತೋಷಪಟ್ಟದ್ದುಂಟು. ಅಕ್ಕನನ್ನು ಜೊತೆಗಿಟ್ಟುಕೊಳ್ಳುವಷ್ಟು ಸಂಬಳವೂ ನನಗಿಲ್ಲ, ಅವಳನ್ನಿಡಲು ಮನೆಯೂ ಇಲ್ಲ. "ನೆಕ್ಸ್ಟ್" ಎಂದ.

ಈ ನಾಡಿನ ರೀತಿ ಅದು. ಇದ್ದವರು ಇದೆಯೆಂದು ತೋರಿಸಬೇಕು, ಇಲ್ಲದವರು ವಿಮಾನ ಹತ್ತಬೇಕು. ನಮ್ಮಲ್ಲಿ ತಿರುಗಾಮುರುಗಾ, ಇಲ್ಲವೆಂದು ತೋರಿಸಿದವರಿಗೆ ಮಾತ್ರ ಚೀಟಿ. ಅಕ್ಕನನ್ನು ಇಲ್ಲಿಗೆ ಕರೆಸಲು ನಾನು ತೀರ ಬಡವಳು, ಅಲ್ಲಿ ಅವಳ ಕಾರ್ಡು ಉಳಿಸಲು ತೀರ ಶ್ರೀಮಂತೆ. ಒಂದೇ ಸಂಬಳ, ಒಂದೇ ಹೆಂಗಸು.

ಹೊಲಿಗೆ ಅಂಗಡಿಯವನ ಕೈಕಾಲು ಹಿಡಿದು ಸಂಬಳವಿಲ್ಲದ ರಜೆ ಹಾಕಿ ಊರಿಗೆ ಹೋದೆ. ವಿಮಾನದಿಂದಿಳಿದು ಸೀದಾ ತಾಲೂಕು ಕಚೇರಿಗೆ. ಪಡಿತರದ ಮೇಜಿನ ಸಾಹೇಬರು ನನ್ನ ಕೈಚೀಲ ನೋಡಿದರು, ಕಾಲಿನ ಚಪ್ಪಲಿ ನೋಡಿದರು, ಮತ್ತೆ ನನ್ನ ಮುಖ.

"ದುಬೈಯವ್ರಾ?"

"ಹೌದು ಸರ್. ಆದ್ರೆ ಕಾರ್ಡು ಅಕ್ಕಂದು. ಠೇವಣಿ ನಂದು, ಹೆಸರು ಮಾತ್ರ ಅವಳದ್ದು."

"ಹಾಗಾದ್ರೆ ನಿಮ್ಮ ಅಕ್ಕ ಬ್ಯಾಂಕಿಗೆ ಸುಳ್ಳು ಹೇಳಿದ್ದಾ?"

"ಸುಳ್ಳಲ್ಲ ಸರ್."

"ಸುಳ್ಳಲ್ಲದಿದ್ರೆ ಹಣ ಅವರದ್ದೇ. ಅವರದ್ದಾದ್ರೆ ಕಾರ್ಡು ಎಂತಕ್ಕೆ? ಎರಡರಲ್ಲಿ ಒಂದು ಬರೆದು ಕೊಡಿ, ಫೈಲಿಗೆ ಹಾಕ್ತೇನೆ."

"ಅದು ಮನೆ ಕಟ್ಲಿಕ್ಕೆ ಇಟ್ಟದ್ದು ಸರ್. ತಿನ್ಲಿಕ್ಕೆ ಅಲ್ಲ."

"ಮನೆ ಕಟ್ಟುವವರಿಗೆ ನಾವು ಅಕ್ಕಿ ಕೊಡ್ಬೇಕಾ? ಹೊರಗೆ ಸಾಲು ನೋಡಿ, ಅದರಲ್ಲಿ ಎಷ್ಟು ಜನಕ್ಕೆ ಖಾತೆಯಲ್ಲಿ ನೂರು ರೂಪಾಯಿ ಉಂಟು ಕೇಳಿ."

ನನಗೆ ಮೈ ಉರಿಯಿತು. ಆದರೂ ತಿರುಗಿ ಸಾಲು ನೋಡಿದೆ. ಕೂಸನ್ನು ಸೊಂಟಕ್ಕಿಟ್ಟು ನಿಂತಿದ್ದ ಒಬ್ಬಳು ನನ್ನ ಕೈಚೀಲವನ್ನೇ ನೋಡುತ್ತಿದ್ದಳು, ಅವಳ ಪಾಲನ್ನು ನಾನು ಅದರಲ್ಲಿ ತುಂಬಿಕೊಂಡ ಹಾಗೆ. ಅವಳಿಗೆ ನನ್ನ ಮೇಲೆ ಸಿಟ್ಟು ಬಂದದ್ದು ತಪ್ಪಲ್ಲ. ನನಗೆ ಸಾಹೇಬರ ಮೇಲೆ ಬಂದದ್ದೂ ತಪ್ಪಲ್ಲ. ಬೆವರಿನ ಹಣವನ್ನು ಕಳ್ಳಮಾಲಿನ ಹಾಗೆ ನೋಡಿದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಖಾತೆ ಮುಚ್ಚಿ, ಹೊಸದಾಗಿ ಅರ್ಜಿ ಹಾಕಿ, ಪರಿಶೀಲನೆಗೆ ತಿಂಗಳುಗಳು ಬೇಕು ಎಂದರು ಸಾಹೇಬರು. ಅಕ್ಕನ ಸೊಂಟ ತಿಂಗಳು ಕಾಯುವ ಹಾಗಿರಲಿಲ್ಲ.

ಠೇವಣಿ ಮುರಿದೆವು. ಸಹಿ ಅಕ್ಕನದೇ ಬೇಕಲ್ಲ, ಬ್ಯಾಂಕಿನವರು ಆಸ್ಪತ್ರೆಗೇ ಬಂದರು. ಪೆನ್ನು ಹಿಡಿದು ಅವಳು ನನ್ನ ಮುಖ ನೋಡಲಿಲ್ಲ. "ಅಡಿಗೆಕೋಣೆ ಪೂರ್ವಕ್ಕೆ ಅಂತ ಎಣಿಸಿಟ್ಟಿದ್ದೆ" ಎಂದಳು, ಅಷ್ಟೇ. ಆಪರೇಷನ್ ಚೆನ್ನಾಗಿಯೇ ಆಯಿತು. ನಾಲ್ಕನೆಯ ದಿನ ವಾಕರ್ ಹಿಡಿದು ಬಾಗಿಲವರೆಗೆ ನಡೆದು, ನರ್ಸನ್ನು ಬಯ್ದಳು. ಬಯ್ಗುಳ ಕೇಳಿದ ಮೇಲೆ ನನಗೆ ಧೈರ್ಯ ಬಂತು.

ಇನ್ನು ಕಾರ್ಡು. ಖಾತೆ ಖಾಲಿ, ಠೇವಣಿ ಇಲ್ಲ, ಬೀಡಿಗೆ ಕೂರುವ ಸೊಂಟವೂ ಇಲ್ಲ. ಈಗಲಾದರೂ ಅವಳು ಬಡವಳೆಂದು ಯಾರೂ ಸಂಶಯಪಡಲಾರರು ಎಂದುಕೊಂಡು ಅಕ್ಕನನ್ನು ರಿಕ್ಷಾದಲ್ಲಿ ಕೂರಿಸಿ ಅರ್ಜಿ ಹಾಕುವ ಕೇಂದ್ರಕ್ಕೆ ಹೋದೆ. ನಮ್ಮ ಕತೆಯೆಲ್ಲ ಕೇಳಿ ಕಂಪ್ಯೂಟರಿನ ಹುಡುಗಿ ಹಳೆಯ ಕಾರ್ಡು ತೆರೆದಳು.

"ಇದರಲ್ಲಿ ಇಬ್ರಿದ್ದೀರಲ್ಲ. ವಾರಿಜ, ಸುಮತಿ. ನಿಮ್ಮ ಹೆಸರು ಇದರಲ್ಲಿ ಇರುವಷ್ಟು ದಿನ ನಿಮ್ಮ ದುಬೈ ಸಂಬಳವೂ ಮನೆಯ ಆದಾಯವೇ. ಅರ್ಜಿ ನಿಲ್ಲುದಿಲ್ಲ."

"ನಾನು ಒಂಬತ್ತು ವರ್ಷದಿಂದ ಅದರ ಒಂದು ಕಾಳು ಅಕ್ಕಿ ತಿಂದಿಲ್ಲ."

"ತಿನ್ನದಿದ್ರೂ ಹೆಸರುಂಟಲ್ಲ. ತೆಗೀಬೇಕಾ?"

ಅಕ್ಕ ವಾಕರ್ ನೆಲಕ್ಕೆ ಕುಟ್ಟಿದಳು. "ಬೇಡ. ಅಕ್ಕಿ ಬೇಡ, ಎಂತದೂ ಬೇಡ. ನಡಿ ಮನೆಗೆ."

"ಮನೆಗೆ ಹೋಗಿ ತಿನ್ನುದು ಎಂತ?" ಎಂದೆ. "ತೆಗಿ ಮಾರಾಯ್ತಿ, ನೀನು ತೆಗಿ."

ಹುಡುಗಿ ಕೇಳಿದಳು: "ಕಾರಣ ಹಾಕ್ಬೇಕು. ಮದುವೆಯಾ, ಮರಣವಾ?"

ಮದುವೆಯೂ ಆಗಿಲ್ಲ, ಸತ್ತೂ ಇಲ್ಲ, ದುಬೈಯಲ್ಲಿದ್ದೇನೆ ಎಂದೆ. ಹುಡುಗಿ ನಕ್ಕಳು. ಅಕ್ಕ ನಗಲಿಲ್ಲ. ಕೊನೆಗೆ 'ಬೇರೆ ಕಡೆ ವಾಸ' ಎಂದು ಹಾಕಿದಳು. ಬೆರಳೊತ್ತಿದೆ. ಪರದೆಯಲ್ಲಿ ಎರಡಿದ್ದ ಹೆಸರು ಒಂದಾಯಿತು.

ಆರು ತಿಂಗಳಿಗೆ ಕಾರ್ಡು ಬಂತು. ನಾನು ಮುರಕ್ಕಬಾತಿನಲ್ಲಿ ಕಾವಲಿನವರ ಪ್ಯಾಂಟಿನ ಅಂಚು ಮಡಿಸುತ್ತಿದ್ದಾಗ ಅಕ್ಕನ ಫೋನು. ಅಕ್ಕಿ ಸಿಕ್ಕಿತಂತೆ, ಒಬ್ಬಳ ಪಾಲಿನದು.

"ಇನ್ನು ನೀನು ರಜೆಯಲ್ಲಿ ಬರುವಾಗ ಮೊದಲೇ ಹೇಳು ಸುಮ."

"ಎಂತಕ್ಕೆ?"

"ಅಂಗಡಿಯಿಂದ ಬೇರೆ ಅಕ್ಕಿ ತರಬೇಕಲ್ಲ. ನೆಂಟರು ಬಂದಾಗ ತರುದಿಲ್ವಾ, ಹಾಗೆ."