ಹನ್ನೊಂದು ಗಂಟೆಯ ಬಿಡುವು

ಗುರುವಾರ ಬೆಳಗ್ಗೆ ನಾಲ್ಕು ಗಂಟೆ ಐವತ್ತು ನಿಮಿಷಕ್ಕೆ ಲಿಂಡ್ಸಿ ಓಲ್ಡ್‌ರಾಯ್ಡ್ ಡಾಂಕಾಸ್ಟರಿನ ಒಂದು ಸೂಪರ್‌ಮಾರ್ಕೆಟ್ಟಿನ ಹಿಂಬಾಗಿಲಲ್ಲಿ ನಿಂತು ಬಾಳೆಹಣ್ಣಿನ ಪೆಟ್ಟಿಗೆಗಳನ್ನು ಎಣಿಸುತ್ತಿದ್ದಳು. ಅರವತ್ತನಾಲ್ಕು ಇದ್ದವು. ಅರವತ್ತನಾಲ್ಕೇ ಇರಬೇಕಾಗಿತ್ತು. ಅಂಗಿಯ ಜೇಬಿನಿಂದ ಪುಟ್ಟ ಪುಸ್ತಕ ತೆಗೆದು, ಎಡ ಅಂಚಿನಲ್ಲಿ ಸಮಯ ಬರೆದು, ಪಕ್ಕದಲ್ಲಿ 'ಶುರು' ಎಂದು ಬರೆದುಕೊಂಡಳು. ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಮೂರು ವರ್ಷ ಕಲಿತ ಅಭ್ಯಾಸ ಅದು. ಮೊದಲು ಹೊತ್ತು, ಆಮೇಲೆ ಏನಾಯಿತೋ ಅದು.

ಪದವಿ ಮುಗಿಸಿ ಒಂಬತ್ತು ತಿಂಗಳಾಗಿತ್ತು. ಆ ಒಂಬತ್ತು ತಿಂಗಳೂ ಅವಳು ಗ್ಯಾಸ್ ಕಂಪನಿಯ ಕಾಲ್ ಸೆಂಟರಿನಲ್ಲಿ ಕಿವಿಗೆ ಫೋನ್ ಸಿಕ್ಕಿಸಿಕೊಂಡು ಕೂತು, ಗ್ಯಾಸ್ ಬಿಲ್ ಜಾಸ್ತಿ ಬಂತೆಂದು ಬೈಯುವವರ ಬೈಗುಳ ಕೇಳಿಸಿಕೊಂಡಿದ್ದಳು. ಈಗ ಈ ಸೂಪರ್‌ಮಾರ್ಕೆಟ್ ಕಂಪನಿ ಅವಳನ್ನು ಪದವೀಧರ ತರಬೇತಿಗೆ ಆರಿಸಿತ್ತು. ಒಂದು ವರ್ಷ ಕಲಿತರೆ ನಾಲ್ಕು ಅಂಗಡಿಗಳಿಗೆ ಮ್ಯಾನೇಜರ್. ಮೊದಲ ದಿನದಿಂದಲೇ ಕಾರು. ಮೂವತ್ತು ವರ್ಷದಿಂದ ಲಾರಿ ಓಡಿಸುತ್ತಿದ್ದ ಅಪ್ಪ ಡೆರೆಕ್‌ಗಿಂತ ಹೆಚ್ಚು ಸಂಬಳ. ಸಹಿಗೆ ಮೊದಲು ಹಿಂದಿನ ವರ್ಷ ಸೇರಿದವರ ಬೆನ್ನಿಗೆ ಒಂದು ದಿನ ಕೆಲಸ ನೋಡುತ್ತ ಸುತ್ತಬೇಕು ಎಂಬುದು ಕಂಪನಿಯ ಪದ್ಧತಿ. ಶುಕ್ರವಾರ ಮಧ್ಯಾಹ್ನ ಹನ್ನೆರಡರೊಳಗೆ ಹೂಂ ಅಥವಾ ಊಹೂಂ ಹೇಳಿಬಿಡಬೇಕು.

ಅವಳು ಸುತ್ತಬೇಕಾಗಿದ್ದದ್ದು ಟೋಬಿ ಆಕ್ಲೆಂಡ್ ಎಂಬವನ ಬೆನ್ನಿಗೆ. ಇಪ್ಪತ್ತನಾಲ್ಕು ವರ್ಷ, ಇಸ್ತ್ರಿ ಗೆರೆ ಮುರಿಯದ ಅಂಗಿ, ಕಣ್ಣಿನ ಕೆಳಗೆ ಮಸಿ ಬಳಿದಂಥ ಕಪ್ಪು.

"ನಿನ್ನೆ ಎಷ್ಟು ಹೊತ್ತಿಗೆ ಮುಗೀತು ನಿಂದು?" ಎಂದು ಲಿಂಡ್ಸಿ ಕೇಳಿದಳು.

"ಒಂಬತ್ತೂವರೆ. ಬೇಗ ಬಿಟ್ಟೆ, ನೀನು ಬರ್ತೀಯ ಅಂತ."

ಅದನ್ನೂ ಬರೆದುಕೊಂಡಳು.

"ಏನಮ್ಮಾ, ಪೊಲೀಸಾ ನೀನು?" ಎಂದು ಟೋಬಿ ನಕ್ಕ. ನಗುತ್ತಲೇ ರೊಟ್ಟಿಯ ಟ್ರಾಲಿ ತಳ್ಳಿಕೊಂಡು ಓಡಿದ. ಅಲ್ಲಿ ಯಾರೂ ನಡೆಯುತ್ತಿರಲಿಲ್ಲ. ಲಾರಿಯಿಂದ ಇಳಿದ ಒಂದು ಹಲಗೆಯ ಮೇಲಿನ ಸಾಮಾನೆಲ್ಲ ಇಪ್ಪತ್ತೈದು ನಿಮಿಷದಲ್ಲಿ ಕಪಾಟು ಸೇರಬೇಕು, ಅದಕ್ಕೆ ಗೋಡೆಯ ಮೇಲೊಂದು ಗಡಿಯಾರ. ಒಂಬತ್ತು ನಲವತ್ತಕ್ಕೆ ಎರಡನೆಯ ಅಂಗಡಿ. ಅಲ್ಲಿ ಟೋಬಿ ತನ್ನ ತಾಯಿಯ ವಯಸ್ಸಿನ ಹೆಂಗಸೊಬ್ಬಳನ್ನು ಎದುರಿಗೆ ಕೂರಿಸಿಕೊಂಡು, ಗಲ್ಲಾದಲ್ಲಿ ನಿಧಾನ ಮಾಡುತ್ತೀ ಎಂದು ಎಚ್ಚರಿಕೆಯ ಕಾಗದ ಕೊಟ್ಟ. ಕೊಟ್ಟು ಹೊರಗೆ ಬಂದು ಗೋಡೆಗೆ ಹಣೆ ಇಟ್ಟುಕೊಂಡು ನಿಂತ. ಒಂದು ಗಂಟೆ ಐದು ನಿಮಿಷಕ್ಕೆ ನಿಂತುಕೊಂಡೇ ಸ್ಯಾಂಡ್‌ವಿಚ್ ತಿಂದ. ಆರು ನಿಮಿಷ. ಮೂರೂವರೆಗೆ ಮೂರನೆಯ ಅಂಗಡಿ, ಅಲ್ಲಿ ಫ್ರೀಜರ್ ಕೆಟ್ಟಿತ್ತು.

ಸಂಜೆ ಆರು ನಲವತ್ತೆಂಟಕ್ಕೆ ಮೋಟರ್‌ವೇಯಲ್ಲಿ ಗಂಟೆಗೆ ಎಪ್ಪತ್ತು ಮೈಲಿ ವೇಗದಲ್ಲಿ ಹೋಗುತ್ತಿದ್ದಾಗ ಕಾರಿನ ಕೆಳಗೆ ಗರಗಸ ಎಳೆದ ಹಾಗೆ ಸದ್ದಾಯಿತು. ಎಡಗಡೆಯ ಚಕ್ರಗಳು ರಸ್ತೆಯಂಚಿನ ಉಬ್ಬುಗೆರೆಯ ಮೇಲೆ ಹೋಗುತ್ತಿದ್ದವು. ಲಿಂಡ್ಸಿ ತಿರುಗಿ ನೋಡಿದಳು. ಟೋಬಿಯ ಗದ್ದ ಎದೆಗೆ ತಾಗಿತ್ತು.

"ಟೋಬೀ!"

ಅವನು ಬೆಚ್ಚಿ ಸ್ಟೀರಿಂಗ್ ತಿರುಗಿಸಿದ. ಕಾರು ಗೆರೆಯೊಳಗೆ ಬಂತು. ಸ್ವಲ್ಪ ಹೊತ್ತಿನ ಮೇಲೆ, "ಆ ಉಬ್ಬು ಇರೋದೇ ಅದಕ್ಕೆ. ನನ್ನ ಅಲಾರಂ ಅದು" ಎಂದ.

"ಎಷ್ಟು ಸಲ ಆಗಿದೆ ಹೀಗೆ?"

"ಬರ್ಕೊಳ್ಳಲ್ಲ ತಾನೆ?"

"ಎಷ್ಟು ಸಲ?"

"ಈ ತಿಂಗಳಾ?"

ಏಳು ಗಂಟೆ ಹತ್ತಕ್ಕೆ ಅವಳ ಮನೆಯ ಮುಂದೆ ಕಾರು ನಿಂತಿತು. ಸಿಟ್ಟಿನಿಂದ ಇಳಿದು ಬಾಗಿಲನ್ನು ಶಕ್ತಿಯಿದ್ದಷ್ಟು ಬಡಿದಳು. ದುಬಾರಿ ಕಾರು, ಬಾಗಿಲು ಮೆತ್ತಗೆ ಮುಚ್ಚಿಕೊಂಡಿತು. ಅದಕ್ಕೂ ಸಿಟ್ಟು ಬಂತು.

ಅಮ್ಮ ಮೊರೀನ್ ಕಿಟಕಿಯ ಪರದೆ ಸರಿಸಿ ನಿಂತಿದ್ದಳು. "ಇದೇ ಕಾರಾ? ಇದೇ ಬಣ್ಣದ್ದೇ ಕೊಡ್ತಾರಾ? ಎದುರುಮನೆ ಶೀಲಾ ನೋಡಿದ್ಲು ಕಣೇ, ಬೇಕಂತಲೇ ಕಸದ ಡಬ್ಬ ಎಳ್ಕೊಂಡು ಹೊರಗೆ ಬಂದ್ಲು!"

"ಅಮ್ಮಾ, ಅವನು ಕಾರು ಓಡಿಸ್ತಾ ನಿದ್ದೆ ಹೋದ."

"ಯಾರು?"

"ಕಾರು ಓಡಿಸೋನು! ಇನ್ಯಾರು ಓಡಿಸ್ತಾ ನಿದ್ದೆ ಹೋಗ್ತಾರೆ?"

ಡೆರೆಕ್ ಅಡುಗೆಮನೆಯ ಮೇಜಿಗೆ ಕೂತು ಸಾಸೇಜೂ ಹಿಸುಕಿದ ಆಲೂಗಡ್ಡೆಯೂ ತಿನ್ನುತ್ತಿದ್ದ. ದೊಡ್ಡ ಮೈಯ, ಮೆಲ್ಲಗೆ ಮಾತಾಡುವ ಗಂಡಸು. "ಮೊದಲ ಕೆಲಸ ಎಲ್ಲಾರಿಗೂ ಕಷ್ಟಾನೇ ಪುಟ್ಟಿ. ನಾನೇನು ಹೂವಿನ ಮೇಲೆ ನಡೆದ್ನಾ? ಒಂದೆರಡು ವರ್ಷ ಹಲ್ಲು ಕಚ್ಚು" ಎಂದ.

"ಹಲ್ಲು ಕಚ್ಚು! ಇಡೀ ದಿನ ಕೇಳಿದ್ದು ಅದೇ. ನೀವೆಲ್ಲ ಒಂದೇ ಶಾಲೇಲಿ ಕಲಿತ್ರಾ?"

"ನಿಮ್ಮಪ್ಪನ ಮೇಲೆ ಯಾಕೆ ಕಿರುಚ್ತೀಯ? ನಾಳೆಯಿಂದ ಮತ್ತೆ ಗ್ಯಾಸ್ ಬಿಲ್ಲಾ? ಕಲಿತಿದ್ದಕ್ಕೆ ಅದೇನಾ ಗತಿ? ನಾನು ಶಾಲೆ ಅಡುಗೆಮನೇಲಿ ಎಲ್ಲಾರಿಗೂ ಹೇಳಿಬಿಟ್ಟಿದೀನಿ" ಎಂದಳು ಮೊರೀನ್.

ಗ್ಯಾಸ್ ಬಿಲ್ಲಿನ ಮಾತು ತಾಗಿತು. ಆ ಕಿವಿಫೋನು, ಆ ಬೈಗುಳ, ಇನ್ನೊಂದು ಚಳಿಗಾಲ. ಲಿಂಡ್ಸಿ ಜೇಬಿನ ಪುಸ್ತಕ ತೆಗೆದು ಅಪ್ಪನ ತಟ್ಟೆಯ ಪಕ್ಕಕ್ಕೆ ಎಸೆದಳು.

ಡೆರೆಕ್ ಕನ್ನಡಕ ಹಾಕಿಕೊಂಡು ಓದತೊಡಗಿದ. ಮೊದಲು ಸುಮ್ಮನೆ ಓದಿದ. ಆಮೇಲೆ ತಟ್ಟೆ ದೂರ ಸರಿಸಿ, ಪೆನ್ಸಿಲ್ ತೆಗೆದುಕೊಂಡು, ಸಾಲು ಸಾಲಾಗಿ ಗುರುತು ಹಾಕುತ್ತ ಬಂದ. ಅಪ್ಪ ಹಾಗೆ ಓದುವುದನ್ನು ಅವಳು ಚಿಕ್ಕಂದಿನಿಂದ ನೋಡಿದ್ದಳು. ಲಾರಿಯಲ್ಲಿ ಚಾಲಕನ ಹೊತ್ತು ಬರೆಯುವ ಪೆಟ್ಟಿಗೆಯೊಂದಿರುತ್ತದೆ. ಎಷ್ಟು ಹೊತ್ತು ಓಡಿಸಿದ, ಎಷ್ಟು ಹೊತ್ತು ನಿಂತ, ಒಂದು ನಿಮಿಷವೂ ತಪ್ಪುವುದಿಲ್ಲ. ನಾಲ್ಕೂವರೆ ಗಂಟೆ ಓಡಿಸಿದರೆ ನಲವತ್ತೈದು ನಿಮಿಷ ನಿಲ್ಲಲೇಬೇಕು. ಅದರ ಚೀಟಿಯನ್ನು ಅವನು ಓದುತ್ತಿದ್ದದ್ದು ಹೀಗೆಯೇ, ತಪ್ಪು ಹುಡುಕುವ ಇನ್‌ಸ್ಪೆಕ್ಟರ್ ಓದುವ ಹಾಗೆ.

"ನಲವತ್ತೈದು ನಿಮಿಷದ ಬಿಡುವು ಎಲ್ಲಿ?"

"ಇಲ್ಲ."

"ಬರೆಯೋಕೆ ಮರೆತ್ಯಾ?"

"ಅಪ್ಪಾ, ನಾನು ಮರೀತೀನಾ?"

"ಹಿಂದಿನ ರಾತ್ರಿ ಒಂಬತ್ತೂವರೆಗೆ ಮುಗಿಸಿ, ನಾಲ್ಕು ಐವತ್ತಕ್ಕೆ ಶುರು." ಬೆರಳು ಮಡಚಿದ. "ಏಳು ಗಂಟೆ ಇಪ್ಪತ್ತು ನಿಮಿಷ. ಮನೆಗೆ ಹೋಗಿ ಬರೋದೂ ಅದರಲ್ಲೇ." ಪೆನ್ಸಿಲ್ ಕೆಳಗಿಟ್ಟ. ಅವನ ಕುತ್ತಿಗೆ ಕೆಂಪಾಗುತ್ತಿತ್ತು. "ನಾನು ಸಾಗಿಸೋದು ಬಟಾಣಿ ಕಣಮ್ಮಾ, ಐಸ್ ಹಾಕಿದ ಬಟಾಣಿ. ಆ ಬಟಾಣಿ ಓಡಿಸೋನಿಗೆ ದಿನಕ್ಕೆ ಹನ್ನೊಂದು ಗಂಟೆ ಬಿಡುವು ಕೊಡಲೇಬೇಕು ಅಂತ ಕಾನೂನಿದೆ. ವಾರದಲ್ಲಿ ಮೂರು ಸಲ ಒಂಬತ್ತಕ್ಕೆ ಇಳಿಸಬಹುದು, ಅದಕ್ಕಿಂತ ಕೆಳಗೆ ಇಲ್ಲ. ಬರೀ ಏಳು ಗಂಟೆ ಇಪ್ಪತ್ತು ನಿಮಿಷದ ಬಿಡುವಲ್ಲಿ ನಾನು ಗಾಡಿ ಹತ್ತಿದ್ರೆ ನಮ್ಮ ಯಜಮಾನ ಕೋರ್ಟಿಗೆ ಹೋಗ್ತಾನೆ. ಈ ಹುಡುಗನಿಗೆ ಯಾರಿದಾರೆ?"

"ಯಾರೂ ಇಲ್ಲ. ವಾರದ ಮಿತಿ ಬೇಡ ಅಂತ ಸಹಿ ಬೇರೆ ಹಾಕಿದಾನೆ."

ಅವಳು ಕಂಪನಿಯ ಲಕೋಟೆಯಿಂದ ಎರಡನೆಯ ಹಾಳೆ ತೆಗೆದಳು. ವಾರಕ್ಕೆ ಸರಾಸರಿ ನಲವತ್ತೆಂಟು ಗಂಟೆಗಿಂತ ಹೆಚ್ಚು ದುಡಿಸಬಾರದೆಂಬ ಕಾನೂನಿನ ರಕ್ಷಣೆ ನನಗೆ ಬೇಡ, ನನ್ನ ಸ್ವಂತ ಇಚ್ಛೆಯಿಂದ ಬಿಡುತ್ತಿದ್ದೇನೆ ಎಂದು ಅದರಲ್ಲಿತ್ತು. ಕೆಳಗೆ ಹೆಸರು, ತಾರೀಕು, ಚುಕ್ಕೆಗಳ ಸಾಲು.

ಡೆರೆಕ್ ಎರಡು ಸಲ ಓದಿದ. "ನಾನು ಬೇಕು ಅಂದ್ರೂ ಇದಕ್ಕೆ ಸಹಿ ಹಾಕೋಕಾಗಲ್ಲ. ಲಾರಿಯವರಿಗೆ ಬಿಡಲ್ಲ. ಓದಿದೋರಿಗೆ ಬಿಡ್ತಾರಾ?"

"ಸಂದರ್ಶನದ ದಿನಾನೇ ಗೊತ್ತಾಗಬೇಕಿತ್ತು. ಹನ್ನೆರಡು ಜನಾನ ಮೇಜಿನ ಸುತ್ತ ಕೂರಿಸಿ, ವಾರಕ್ಕೆ ಎಷ್ಟು ಗಂಟೆ ಕೊಡ್ತೀರ ಅಂತ ಒಬ್ಬೊಬ್ಬರನ್ನೇ ಕೇಳಿದ್ರು. ಮೊದಲನೇವ್ನು ಐವತ್ತು ಅಂದ. ಪಕ್ಕದೋಳು ಐವತ್ತೈದು. ಆಮೇಲೆ ಅರವತ್ತು. ಹರಾಜು ಅಪ್ಪಾ, ಮೀನು ಮಾರ್ಕೆಟ್ಟಿನ ಹರಾಜು!"

"ನೀನು ಎಷ್ಟಂದೆ?" ಎಂದ ಡೆರೆಕ್.

ಲಿಂಡ್ಸಿ ಎದ್ದು ಕೆಟಲ್‌ಗೆ ನೀರು ತುಂಬಿದಳು. "ಚಹಾ ಯಾರಿಗೆ ಬೇಕು?"

ಮರುದಿನ ಡೆರೆಕ್‌ನ ವಾರದ ರಜೆ. ಹನ್ನೊಂದು ನಲವತ್ತಕ್ಕೆ ಲಿಂಡ್ಸಿ ಅಡುಗೆಮನೆಯ ಗೋಡೆಯ ಫೋನಿನಿಂದ ಕಂಪನಿಯ ನಿರ್ದೇಶಕಿ ಮಿಸೆಸ್ ಪ್ಯಾಜೆಟ್‌ಗೆ ಕರೆ ಮಾಡಿದಳು. ಅಪ್ಪ ಸಿಂಕಿನ ಕೆಳಗೆ ಮಂಡಿಯೂರಿ, ಸೋರದ ನಲ್ಲಿಯನ್ನು ರಿಪೇರಿ ಮಾಡುತ್ತಿದ್ದ.

"ಕೆಲಸ ನನಗೆ ಬೇಕು. ಮೊದಲನೇ ಹಾಳೆಗೆ ಸಹಿ ಹಾಕಿದೀನಿ. ಎರಡನೇದಕ್ಕೆ ಹಾಕಲ್ಲ" ಎಂದಳು.

"ಅದೊಂದು ಮಾಮೂಲಿ ಕಾಗದ ಲಿಂಡ್ಸಿ. ಎಲ್ಲರೂ ಹಾಕ್ತಾರೆ."

"ಇಚ್ಛೆ ಇದ್ದೋರು ಹಾಕಬಹುದು ಅಂತ ಅದರಲ್ಲೇ ಬರೆದಿದೆ. ನನಗೆ ಇಚ್ಛೆ ಇಲ್ಲ."

"ಖಂಡಿತ ಬಲವಂತ ಇಲ್ಲ." ದನಿ ಬೆಣ್ಣೆಯಂತಿತ್ತು. "ಆದರೆ ಈ ಕೆಲಸ ನಲವತ್ತೆಂಟರಲ್ಲಿ ಮುಗಿಯೋದಲ್ಲ. ನಿಮಗೆ ಒಂದು ವರ್ಷ ಕೊಟ್ಟು ಆಮೇಲೆ ಆಗಲಿಲ್ಲ ಅಂತ ಹೇಳೋದು ನಮಗೂ ಬೇಜಾರಿನ ಸಂಗತಿ."

"ನಿನ್ನೆ ಟೋಬಿ ಗಾಡಿ ಓಡಿಸ್ತಾ ನಿದ್ದೆ ಹೋದ. ನಾನು ಪಕ್ಕದಲ್ಲಿ ಕೂತಿದ್ದೆ. ಅದು ಬೇಜಾರಿನ ಸಂಗತಿ ಅಲ್ವಾ? ಅವನಿಗೆ ನೀವು ಕಾರು ಕೊಟ್ಟಿದೀರಿ. ಮಲಗೋಕೆ ಒಂದು ರಾತ್ರಿ ಕೊಡಿ ಮೇಡಂ! ನನ್ನನ್ನ ತಗೊಳ್ಳಿ, ಬಿಡಿ, ಆ ಹುಡುಗನ್ನ ಇವತ್ತು ಮನೆಗೆ ಕಳಿಸಿ!"

ಸಿಂಕಿನ ಕೆಳಗೆ ಸ್ಪ್ಯಾನರ್ ಸದ್ದು ನಿಂತಿತು.

"ಟೋಬಿ ಜೊತೆ ನಾನು ಮಾತಾಡ್ತೀನಿ," ಎಂದಳು ಪ್ಯಾಜೆಟ್. "ಆದರೆ ಲಿಂಡ್ಸಿ, ಅಚ್ಚರಿಯಾಗ್ತಿದೆ. ಆ ದಿನ ಆ ಮೇಜಿನಲ್ಲಿ ಎಲ್ಲರಿಗಿಂತ ದೊಡ್ಡ ಸಂಖ್ಯೆ ಹೇಳಿದ್ದು ನೀವೇ ಅಲ್ವಾ? ನಿಮ್ಮನ್ನ ಆರಿಸಿದ್ದೇ ಅದಕ್ಕೆ. ನನ್ನ ಟಿಪ್ಪಣಿಯಲ್ಲಿ ಇದೆ."

"ಹೌದು, ಹೇಳಿದ್ದೆ. ತಪ್ಪು ಹೇಳಿದ್ದೆ. ಈಗ ಹೇಳ್ತಿರೋದು ನಲವತ್ತೆಂಟು."

"ಹಾಗಾದರೆ ನಿಮಗೆ ಒಳ್ಳೇದಾಗಲಿ."

ಫೋನು ಕಟ್ಟಾಯಿತು. ಹನ್ನೊಂದು ನಲವತ್ತಾರು. ಲಕೋಟೆಯನ್ನೂ ಎರಡು ಹಾಳೆಗಳನ್ನೂ ಒಟ್ಟಿಗೆ ಹಿಡಿದು ಹರಿದಳು. ದಪ್ಪ ಕಾಗದ, ಒಂದೇ ಸಲಕ್ಕೆ ಹರಿಯಲಿಲ್ಲ. ಮತ್ತೆ ಹರಿದಳು. ಸೋಮವಾರ ಎಂಟು ಗಂಟೆಗೆ ಮತ್ತೆ ಗ್ಯಾಸ್ ಬಿಲ್ಲು. ಮೂರು ಗಂಟೆಗೆ ಅಮ್ಮ ಶಾಲೆಯಿಂದ ಬರುತ್ತಾಳೆ, ಅವಳಿಗೆ ಹೇಳಬೇಕು.

ಡೆರೆಕ್ ಸಿಂಕಿನ ಕೆಳಗಿನಿಂದ ಮೆಲ್ಲಗೆ ಹಿಂದಕ್ಕೆ ಸರಿದು ನೆಲದ ಮೇಲೆ ಕೂತ. "ನಿಮ್ಮಮ್ಮಂಗೆ ನಾನು ಹೇಳ್ತೀನಿ ಬಿಡು. ಶೀಲಾಗೂ ನಾನೇ ಹೇಳ್ತೀನಿ ಬೇಕಾದ್ರೆ."

"ಕಂಪನಿಯವರ ಮೇಲೆ ಮಾತ್ರ ಅಲ್ಲ ಅಪ್ಪಾ ಸಿಟ್ಟು."

"ಗೊತ್ತು. ಎಷ್ಟಂದೆ ಆ ದಿನ?"

ಈ ಸಲ ಅವಳು ಕೆಟಲ್ ಕಡೆ ಹೋಗಲಿಲ್ಲ. ಅಪ್ಪನ ಎದುರಿಗೆ ತಾನೂ ನೆಲದ ಮೇಲೆ ಕೂತಳು. "ಕೊನೆಯೋಳು ನಾನು. ನನ್ನ ಪಕ್ಕದೋನು ಎಪ್ಪತ್ತು ಅಂದಿದ್ದ. ನಾನು ಲೆಕ್ಕ ಬಲ್ಲೋಳು ಅಂತ ತೋರಿಸ್ಬೇಕಿತ್ತು. ಎದ್ದು ನಿಂತು, ವಾರಕ್ಕೆ ನೂರಾ ಅರವತ್ತೆಂಟು ಗಂಟೆ, ಸರಿಯಾಗಿ ಅರ್ಧ ನಿಮ್ಮದು ಅಂದೆ. ಎಲ್ಲಾರೂ ಚಪ್ಪಾಳೆ ತಟ್ಟಿದ್ರು."

"ಅರ್ಧ ಅಂದ್ರೆ ಎಷ್ಟು?" ಅಪ್ಪನಿಗೆ ಗೊತ್ತಿತ್ತು. ಆದರೂ ಅವಳ ಬಾಯಿಂದಲೇ ಬರಲಿ ಎಂದು ಕಾದ.

"ಎಂಬತ್ತನಾಲ್ಕು."